ತೂಬಿಲ್ಲದ ಟಾರ್ಚು

ಮಾನ್ಯ ಅಧ್ಯಕ್ಷರೆ, ಮುಂದಿನ ಸಾಲಿನ ಐಟಿಐ ಹುಡುಗರೆ, ಹಿಂದೆ ಗೋಡೆಗೊರಗಿ ಕೂತಿರುವ ರೈತ ಬಂಧುಗಳೆ,

ಕರಪತ್ರದಲ್ಲಿ ‘ಬೆಳಕಿನ ವಿಜ್ಞಾನ’ ಅಂತ ದೊಡ್ಡ ಹೆಸರು ಅಚ್ಚಾಗಿದೆ. ನನ್ನ ಕೈಯಲ್ಲಿರುವುದು ಮಾತ್ರ ಸಂತೆಯಲ್ಲಿ ನೂರು, ನೂರಿಪ್ಪತ್ತು ರೂಪಾಯಿಗೆ ಸಿಗುವ ಜೇಬಿನ ಟಾರ್ಚು. ಅಲ್ಯೂಮಿನಿಯಂ ಮೈ, ಮುಂದೆ ಜೇನುಗೂಡಿನ ಹಾಗೆ ಒಂಬತ್ತು ಎಲ್‌ಇಡಿ, ಒಳಗೆ ಪ್ಲಾಸ್ಟಿಕ್ ತೊಟ್ಟಿಲಲ್ಲಿ ಮೂರು ತೆಳ್ಳನೆಯ ಟ್ರಿಪಲ್ ಎ ಸೆಲ್ಲು, ಹಿಂದೆ ರಬ್ಬರ್ ಗುಂಡಿ. ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲಿ ಇದು ಕೆಟ್ಟು ಬಿದ್ದಿರುತ್ತದೆ, ಇನ್ನರ್ಧ ಜನ ತಿಪ್ಪೆಗೆ ಎಸೆದಿರುತ್ತೀರಿ. ಎಸೆಯಬೇಕಾದ ವಸ್ತು ಇದಲ್ಲ ಅಂತ ಹೇಳುವುದಕ್ಕೇ ಬಂದಿದ್ದೇನೆ.

‘ಮೊಬೈಲಲ್ಲೇ ಟಾರ್ಚ್ ಇದೆಯಲ್ಲ ಸಾರ್’ ಅನ್ನುತ್ತೀರಿ. ಇದೆ. ಪಂಪ್‌ಸೆಟ್ಟಿಗೆ ಥ್ರೀ ಫೇಸ್ ಯಾವ ಹೊತ್ತಿಗೆ ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಹೊತ್ತಲ್ಲಿ ಹದಿನೈದು ಸಾವಿರದ ಫೋನನ್ನು ಬಾಯಲ್ಲಿ ಕಚ್ಚಿಕೊಂಡು ಕಾಲುವೆಗೆ ಬಗ್ಗಿ ಮಡೆ ತಿರುಗಿಸುವವರು ಧೈರ್ಯವಂತರು, ಅವರಿಗೆ ನನ್ನ ನಮಸ್ಕಾರ.

ಈ ಟಾರ್ಚಿನ ರೋಗ ಒಂದೇ. ಇದರಲ್ಲಿ ತೂಬಿಲ್ಲ, ಕರೆಂಟನ್ನು ಅಳತೆಯಲ್ಲಿ ಬಿಡುವ ಬಾಗಿಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಮಂಡ್ಯದವರಿಗೆ ತೂಬು ಅಂದರೇನು ಅಂತ ವಿವರಿಸಬೇಕೆ? ಹೊಸ ಆಲ್ಕಲೈನ್ ಸೆಲ್ಲು ಒಂದಕ್ಕೆ ಸುಮಾರು 1.6 ವೋಲ್ಟ್, ಮೂರು ಸೇರಿದರೆ 4.8. ಬಿಳಿ ಎಲ್‌ಇಡಿ ತನ್ನ ಪಾಲಿನ 20 ಮಿಲಿಆಂಪಿಯರ್ ತೆಗೆದುಕೊಳ್ಳುವುದಕ್ಕೆ ಬೇಕಾದದ್ದು ಸುಮಾರು 3.2 ವೋಲ್ಟ್. ಮಿಕ್ಕ ಒಂದೂವರೆ ವೋಲ್ಟನ್ನು ತಡೆಯುವವರು ಯಾರು? ಯಾರೂ ಇಲ್ಲ. ಬಿಚ್ಚಿ ನೋಡಿ, ಒಂಬತ್ತು ಎಲ್‌ಇಡಿಗಳನ್ನೂ ಪ್ಯಾರಲಲ್ ಆಗಿ ನೇರವಾಗಿ ಸೆಲ್ಲಿಗೇ ಕಟ್ಟಿರುತ್ತಾರೆ, ಕರೆಂಟ್ ತಗ್ಗಿಸುವ ಒಂದು ರೆಸಿಸ್ಟರ್ ಸಹ ಇರುವುದಿಲ್ಲ. ಸೆಲ್ಲಿನ ಒಳಗಿನ ರೋಧವೇ ಅಡ್ಡಗಟ್ಟೆ. ಒಂಬತ್ತಕ್ಕೂ ಸೇರಿ 180 ಮಿಲಿಆಂಪಿಯರ್ ಸಾಕಾಗಿರುವಾಗ, ಹೊಸ ಸೆಲ್ ಹಾಕಿದ ಗಳಿಗೆಯಲ್ಲಿ ಅರ್ಧ ಆಂಪಿಯರ್‌ವರೆಗೂ ನುಗ್ಗುವುದುಂಟು. ಮೊದಲ ಅರ್ಧ ಗಂಟೆ ಮದುವೆ ಮನೆ, ಆಮೇಲೆ ಮಿಣುಕುಹುಳ.

ಇನ್ನೊಂದು ಅನ್ಯಾಯವೂ ಇದೆ. ಒಂಬತ್ತು ಎಲ್‌ಇಡಿ ಒಂದೇ ಗುಣದವಲ್ಲ. ಯಾವುದಕ್ಕೆ ಸ್ವಲ್ಪ ಕಡಿಮೆ ವೋಲ್ಟೇಜ್ ಸಾಕೋ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಎಳೆದು ಬಿಸಿಯಾಗುತ್ತದೆ, ಬಿಸಿಯಾದರೆ ಅದಕ್ಕೆ ಬೇಕಾದ ವೋಲ್ಟೇಜ್ ಇನ್ನೂ ಇಳಿದು ಮತ್ತಷ್ಟು ಎಳೆಯುತ್ತದೆ. ತಲೆಭಾಗದವನ ಗದ್ದೆ ಕೊಚ್ಚಿಹೋಗುತ್ತದೆ, ಮಳವಳ್ಳಿ ಕಡೆಯ ಕೊನೆ ಭಾಗದವನು ನಾಲೆ ಏರಿಯ ಮೇಲೆ ಕೂತು ಕಾಯುತ್ತಾನೆ. ಒಂದು ಎಲ್‌ಇಡಿ ಸುಟ್ಟರೆ ಅದರ ಪಾಲೂ ಮಿಕ್ಕವರ ಮೇಲೆ ಬೀಳುತ್ತದೆ.

ಮಳವಳ್ಳಿ ಅಂದಾಗ ನೆನಪಾಯಿತು. ಅದೇ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿತು. ಹೋದದ್ದು ಎಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ 1905ರಲ್ಲಿ, ಮೈಸೂರಿಗೆ 1908ರಲ್ಲಿ. ದೀಪದ ಬುಡದಲ್ಲಿ ಕತ್ತಲೆ ಅನ್ನುವ ಗಾದೆ ನಮ್ಮ ಜಿಲ್ಲೆಯಲ್ಲೇ ಹುಟ್ಟಿರಬೇಕು ಅಂತ ನನ್ನ ಗುಮಾನಿ. ಇರಲಿ.

ಕೆಲಸಕ್ಕೆ ಬರೋಣ. ಟಾರ್ಚ್ ಹತ್ತುತ್ತಿಲ್ಲ ಅಂದರೆ ಎಲ್‌ಇಡಿಯನ್ನು ಬೈಯಬೇಡಿ, ಹತ್ತರಲ್ಲಿ ಎಂಟು ಸಲ ತಪ್ಪು ತಗಲುವ ಜಾಗಗಳದ್ದು. ಹಿಂದಿನ ಮುಚ್ಚಳ ಬಿಚ್ಚಿ. ಮೈಯ ಬಣ್ಣದ ಪದರ ಕರೆಂಟ್ ಹರಿಸುವುದಿಲ್ಲ. ಬಣ್ಣವಿಲ್ಲದ ಅಂಚು, ಥ್ರೆಡ್ಡು ಮಾತ್ರ ಹರಿಸುವುದು. ಅಲ್ಲಿ ಕಪ್ಪು ಕಟ್ಟಿದ್ದರೆ ಸಣ್ಣ ಉಪ್ಪುಕಾಗದದಲ್ಲಿ ಹಗುರಾಗಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ. ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕೂತಿದ್ದರೆ ಅದು ಕ್ಷಾರ; ನಿಂಬೆರಸ ಅದ್ದಿದ ಹತ್ತಿಯಲ್ಲಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಪೂರಾ ಒಣಗಿಸಿ. ನಿಂಬೆರಸ ಹಾಗೇ ಉಳಿದರೆ ಅದೂ ಸ್ಪ್ರಿಂಗನ್ನು ತಿನ್ನುತ್ತದೆ. ರಬ್ಬರ್ ಬಳೆಗೆ ಸಿಲಿಕೋನ್ ಗ್ರೀಸ್ ಹಚ್ಚಿ. ವ್ಯಾಸಲಿನ್ ಕೆಲವು ರಬ್ಬರನ್ನು ಉಬ್ಬಿಸಿಬಿಡುತ್ತದೆ.

ಇನ್ನು ಅಳತೆ. ಮಲ್ಟಿಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ. ಮುಚ್ಚಳ ತೆಗೆದು, ಒಂದು ಕಡ್ಡಿ ತೊಟ್ಟಿಲಿನ ಹಿಂಭಾಗದ ಮೈನಸ್ ತಗಡಿಗೆ, ಇನ್ನೊಂದು ಮೈಯ ಬರಿಯ ಅಂಚಿಗೆ. ಮೀಟರೇ ಸ್ವಿಚ್ಚಾಯಿತು, ಟಾರ್ಚ್ ಹತ್ತುತ್ತದೆ, ಕರೆಂಟ್ ಕಾಣಿಸುತ್ತದೆ. ಅಗ್ಗದ ಮೀಟರಿನ ವೈರಿಗೂ ರೋಧ ಇರುವುದರಿಂದ ನಿಜಕ್ಕಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಅಳೆದಾದ ಮೇಲೆ ಕೆಂಪು ವೈರನ್ನು ವೋಲ್ಟಿನ ತೂತಿಗೆ ವಾಪಸು ಹಾಕಿ. ಮರೆತು ಹಾಗೇ ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ನೇರ ಶಾರ್ಟು. ಅಗ್ಗದ ಮೀಟರುಗಳಲ್ಲಿ ಆ 10 ಆಂಪಿಯರ್ ತೂತಿಗೆ ಎಷ್ಟೋ ಸಲ ಫ್ಯೂಸೇ ಇರುವುದಿಲ್ಲ.

ಎರಡು ರೂಪಾಯಿಯ ಮದ್ದು ಮೊದಲು. ಸೆಲ್ಲು ಒಂದಕ್ಕೆ 1.5 ಅಂತ ಹಿಡಿದರೆ ಮೂರಕ್ಕೆ 4.5; ಅದರಲ್ಲಿ 3.2 ಕಳೆದರೆ 1.3 ವೋಲ್ಟ್. ಅದನ್ನು 0.18ರಿಂದ ಭಾಗಿಸಿದರೆ 7.2 ಓಮ್. ಅಂಗಡಿಯಲ್ಲಿ ಸಿಗುವುದು 6.8. ಕಾಲು ವ್ಯಾಟಿನಷ್ಟು ಶಾಖ ಅದರಲ್ಲೇ ಉಳಿಯುತ್ತದೆ, ಆದ್ದರಿಂದ ಅರ್ಧ ವ್ಯಾಟಿನದು ಕೊಳ್ಳಿ. ಎಲ್‌ಇಡಿ ಹಲಗೆಯ ನಡುವಿನ ಸ್ಪ್ರಿಂಗ್ ಬಿಡಿಸಿ, ಸ್ಪ್ರಿಂಗಿಗೂ ಹಲಗೆಗೂ ಮಧ್ಯೆ ಇದನ್ನು ಬೆಸುಗೆ ಹಾಕಿ, ಕಾಲುಗಳಿಗೆ ಪ್ಲಾಸ್ಟಿಕ್ ತೋಳು (ಸ್ಲೀವ್) ತೊಡಿಸಿ. ಮದುವೆ ಮನೆಯ ಬೆಳಕು ಹೋಯಿತು, ಎಲ್‌ಇಡಿ ಉಳಿಯಿತು.

ಆದರೆ ರೆಸಿಸ್ಟರ್ ಅಂದರೆ ಕಾಲುವೆಗೆ ಅಡ್ಡ ಇಟ್ಟ ಕಲ್ಲು. ನೀರು ಹೆಚ್ಚಿದ್ದಾಗಲೂ ಅಷ್ಟೇ ಕಲ್ಲು, ಬತ್ತಿದಾಗಲೂ ಅಷ್ಟೇ ಕಲ್ಲು. ರೀಚಾರ್ಜ್ ಸೆಲ್ ಹಾಕಿದಿರಿ ಅನ್ನಿ, ಮೂರು ಸೇರಿ 3.6 ವೋಲ್ಟೇ. ಅದೇ 6.8 ಓಮಿನಲ್ಲಿ ಅರ್ಧ ಕರೆಂಟೂ ಹರಿಯುವುದಿಲ್ಲ. ನಮಗೆ ಬೇಕಾದದ್ದು ಕಲ್ಲಲ್ಲ, ನೀರುಗಂಟಿ. ಅವನಾದರೆ ನೀರು ನೋಡಿಕೊಂಡು ತೂಬು ಎತ್ತುತ್ತಾನೆ, ಇಳಿಸುತ್ತಾನೆ.

ನೀರುಗಂಟಿಯ ಬಳಿಗೆ ಹೋಗುವ ಮೊದಲು ಎಲ್‌ಇಡಿಯ ಕಥೆ ಒಂದು ನಿಮಿಷ. ಹೇಳದೆ ಹೋದರೆ ನನಗೆ ಊಟ ರುಚಿಸುವುದಿಲ್ಲ. ಕೆಂಪು, ಹಸಿರು ಎಲ್‌ಇಡಿ 1960ರ ದಶಕದಿಂದಲೂ ಇದ್ದವು. ಪ್ರಖರವಾದ ನೀಲಿ ಯಾರ ಕೈಗೂ ಸಿಕ್ಕಿರಲಿಲ್ಲ. ನೀಲಿ ಇಲ್ಲದೆ ಬಿಳಿ ಇಲ್ಲ. ಜಪಾನಿನ ಅನಾನ್ ಅನ್ನುವ ಸಣ್ಣ ಊರು, ಅಲ್ಲೊಂದು ಫಾಸ್ಫರ್ ಅನ್ನುವ ಹೊಳೆಯುವ ಪುಡಿ ಮಾಡುವ ಕಂಪನಿ, ಅದರಲ್ಲೊಬ್ಬ ಎಂಜಿನಿಯರ್ ಶುಜಿ ನಕಾಮುರಾ. ನೀಲಿಗಾಗಿ ಲೋಕವೆಲ್ಲ ಜಿಂಕ್ ಸೆಲೆನೈಡ್ ಅನ್ನುವ ವಸ್ತುವಿನ ಹಿಂದೆ ಓಡುತ್ತಿದ್ದಾಗ ಈತ ಗ್ಯಾಲಿಯಂ ನೈಟ್ರೈಡ್ ಹಿಡಿದರು. ಕೊಂಡು ತಂದ ಯಂತ್ರ ಹೇಳಿದ ಮಾತು ಕೇಳಲಿಲ್ಲ. ಏನು ಮಾಡಿದರು? ಬೆಳಿಗ್ಗೆ ಯಂತ್ರ ಬಿಚ್ಚಿ ಕೊಳವೆ ಬಾಗಿಸಿ ಬೆಸೆದು ತಿದ್ದುವುದು, ಮಧ್ಯಾಹ್ನ ಅದರಲ್ಲಿ ಪ್ರಯೋಗ ಮಾಡುವುದು, ಮರುದಿನ ಮತ್ತೆ ಬಿಚ್ಚುವುದು. ಕೆಲಸ ನಿಲ್ಲಿಸು ಅಂತ ಮೇಲಿನವರಿಂದ ಚೀಟಿ ಬಂದರೆ ಕಸದ ಬುಟ್ಟಿಗೆ. 1993ರಲ್ಲಿ ಕಣ್ಣು ಕೋರೈಸುವ ನೀಲಿ ಹೊರಬಂತು. ಅದರ ಮೇಲೆ ಹಳದಿ ಫಾಸ್ಫರ್ ಬಳಿದದ್ದೇ ಈ ನಮ್ಮ ಬಿಳಿ. ಆತನಿಗೆ ಕಂಪನಿ ಕೊಟ್ಟ ಬಹುಮಾನ 20,000 ಯೆನ್. ಕೋರ್ಟಿಗೆ ಹೋದರು. 2004ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ 2,000 ಕೋಟಿ ಯೆನ್ ಕೊಡಿ ಅಂದಿತು. ಮರುವರ್ಷ ಸುಮಾರು 84 ಕೋಟಿಗೆ ರಾಜಿಯಾಯಿತು. 2014ರಲ್ಲಿ, ಅದೇ ನೀಲಿಗಾಗಿ ದುಡಿದ ಅಕಾಸಾಕಿ, ಅಮಾನೊ ಅವರ ಜೊತೆ ಭೌತವಿಜ್ಞಾನದ ನೊಬೆಲ್. ಐಟಿಐ ಹುಡುಗರು ನೆನಪಿಟ್ಟುಕೊಳ್ಳಬೇಕಾದದ್ದು ಕೋರ್ಟಿನ ಭಾಗವನ್ನಲ್ಲ, ಬೆಳಿಗ್ಗೆ ಯಂತ್ರ ಬಿಚ್ಚುತ್ತಿದ್ದ ಭಾಗವನ್ನು.

ಈಗ ನಮ್ಮ ನೀರುಗಂಟಿ. ಅದೊಂದು ಪುಟ್ಟ ಚಿಪ್ಪು, ಹೆಸರು ಎಎಂಸಿ 7135. ಭತ್ತದ ಕಾಳಿಗಿಂತ ಒಂಚೂರು ಅಗಲ, ಮೂರು ಕಾಲು. 350 ಮಿಲಿಆಂಪಿಯರ್ ಮೀರಲು ಬಿಡುವುದಿಲ್ಲ, ತಾನು ತಿನ್ನುವುದು ಬರೀ 0.12 ವೋಲ್ಟಿನಷ್ಟು. ಒಂಬತ್ತು ಎಲ್‌ಇಡಿ ಹಲಗೆಗೆ ಇದನ್ನು ಹಾಕಬೇಡಿ, ತಲೆಗೆ 39 ಮಿಲಿಆಂಪಿಯರ್ ಬಿದ್ದು ಅವು ಬಾಳುವುದಿಲ್ಲ. ಆ ಹಲಗೆಯನ್ನೇ ತೆಗೆದು, 16 ಮಿಲಿಮೀಟರ್ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂತ ಒಂದೇ ಪವರ್ ಎಲ್‌ಇಡಿ ಹಾಕಿ. ಕ್ರೀ ಕಂಪನಿಯ ಎಕ್ಸ್‌ಪಿ-ಜಿ2 ಜಾತಿಯದು ಈ ಕರೆಂಟಿನಲ್ಲಿ ನೂರು ಲ್ಯೂಮೆನ್ (ಬೆಳಕಿನ ಅಳತೆ) ದಾಟುತ್ತದೆ. ಬೆಸುಗೆಯ ದಾರಿ ಹೀಗೆ: ಸ್ಪ್ರಿಂಗಿನ ಪ್ಲಸ್ಸಿನಿಂದ ಒಂದು ವೈರ್ ಎಲ್‌ಇಡಿ ಪ್ಲಸ್ಸಿಗೆ, ಇನ್ನೊಂದು 7135ರ ವಿಡಿಡಿ ಕಾಲಿಗೆ, ಅಂದರೆ ಅದಕ್ಕೆ ಕರೆಂಟ್ ಕೊಡುವ ಕಾಲಿಗೆ. ಎಲ್‌ಇಡಿ ಮೈನಸ್ಸಿನಿಂದ ಔಟ್ ಕಾಲಿಗೆ. ನಡುಗಾಲು ಮತ್ತು ಬೆನ್ನಿನ ತಗಡು ಎರಡೂ ಗ್ರೌಂಡು, ಅದು ಟಾರ್ಚಿನ ಮೈಗೆ. ಪಕ್ಕದ ಎರಡು ಕಾಲು ಯಾವುದು ಯಾವುದು ಅಂತ ಡೇಟಾಶೀಟಿನ, ಅಂದರೆ ಚಿಪ್ಪಿನ ವಿವರಪತ್ರದ, ಚಿತ್ರ ನೋಡಿಯೇ ಬೆಸೆಯಿರಿ. ಅಲ್ಯೂಮಿನಿಯಂ ಬಿಲ್ಲೆ ಶಾಖ ಎಳೆದುಕೊಳ್ಳುವುದರಿಂದ, ಅದನ್ನು ಒಳಗೆ ಅಂಟಿಸುವ ಮೊದಲೇ, ಮರದ ಹಲಗೆಯ ಮೇಲಿಟ್ಟು ವೈರ್ ಬೆಸೆಯಿರಿ.

ಬಿಲ್ಲೆಯ ಹಿಂದೆ ಶಾಖ ಮೈಗೆ ಇಳಿಯಲು 2 ಮಿಲಿಮೀಟರ್ ಅಲ್ಯೂಮಿನಿಯಂ ತಟ್ಟೆ ಕತ್ತರಿಸಿ ಬಿಗಿಯಾಗಿ ಕೂರಿಸಿ, ನಡುವೆ ಥರ್ಮಲ್ ಪೇಸ್ಟ್ ತೆಳ್ಳಗೆ. ಪ್ಲಸ್ ವೈರಿಗೆ ತಟ್ಟೆಯಲ್ಲಿ ತೂತು ಕೊರೆದು, ಅಂಚು ಅರದಲ್ಲಿ ಉಜ್ಜಿ, ತೋಳು ತೊಡಿಸಿ. ಇಲ್ಲದಿದ್ದರೆ ಅಂಚು ವೈರನ್ನು ಕುಯ್ದು ಶಾರ್ಟಾಗುತ್ತದೆ. ಹಳೆಯ ನಾಣ್ಯ ಉಜ್ಜಿ ಹಾಕೋಣ ಅನ್ನುವ ಜಾಣರೂ ಇದ್ದಾರೆ. 2011ರ ನಾಣ್ಯ ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ ಸ್ವಾಮಿ, ಗುಜರಿಯಲ್ಲಿ ಅಲ್ಯೂಮಿನಿಯಂ ಪಟ್ಟಿ ಸಿಗುತ್ತದೆ.

ಫಲ ಏನು? 350 ಮಿಲಿಆಂಪಿಯರಿನಲ್ಲಿ ಈ ಎಲ್‌ಇಡಿಗೆ 2.9 ವೋಲ್ಟಿನ ಆಸುಪಾಸು ಸಾಕು. ಅಂದರೆ ರೀಚಾರ್ಜ್ ಸೆಲ್ ಒಂದೊಂದೂ 1 ವೋಲ್ಟಿಗೆ ಇಳಿಯುವತನಕ ಬೆಳಕು ಒಂದೇ ಸಮ. 800 ಮಿಲಿಆಂಪಿಯರ್ ಅವರ್ ಸೆಲ್ಲಿನಲ್ಲಿ ಎರಡು ಗಂಟೆ ದಾಟುತ್ತದೆ. ಆಮೇಲೆ ಬೆಳಕು ಬೇಗ ಬೀಳುತ್ತದೆ, ಬಿದ್ದ ತಕ್ಷಣ ಆರಿಸಿ ಚಾರ್ಜಿಗೆ ಹಾಕಿ. ತೂಬು ಇದ್ದರೆ ತಲೆಭಾಗಕ್ಕೂ ಕೊನೆ ಭಾಗಕ್ಕೂ ಒಂದೇ ನೀರು, ಅಷ್ಟೇ ನಾನು ಹೇಳುವುದು.

ಒಂದು ಅಪಾಯ. ಮೂರು ಸೆಲ್ಲಿನ ತೊಟ್ಟಿಲು ತಿರುವುಮುರುವಾಗಿಯೂ ಒಳಗೆ ಹೋಗುತ್ತದೆ. ಹಳೆಯ ಟಾರ್ಚಿನಲ್ಲಿ ಹಾಗಾದರೆ ಸುಮ್ಮನೆ ಹತ್ತುವುದಿಲ್ಲ; ತಿದ್ದಿದ ಟಾರ್ಚಿನಲ್ಲಿ 7135 ಸತ್ತೇಹೋಗುತ್ತದೆ. ತೊಟ್ಟಿಲಿನ ಪ್ಲಸ್ ಕಡೆಗೆ ಕೆಂಪು ನೇಲ್ ಪಾಲಿಶ್ ಬಳಿಯಿರಿ. ಮನೆಯಲ್ಲಿ ಕೇಳಿ ಬಳಿಯಿರಿ.

ಅಧ್ಯಕ್ಷರ ಚೀಟಿ ಬಂತು, ಐದು ನಿಮಿಷ ಅಂತೆ. ನಕಾಮುರಾ ಮಾಡಿದ್ದನ್ನು ಮಾಡುವ ಧೈರ್ಯ ನನಗಿಲ್ಲ, ಆದ್ದರಿಂದ ಓಡಿಸುತ್ತೇನೆ.

ಬಣ್ಣ: 6500 ಕೆಲ್ವಿನ್ ನೀಲಿ ಬಿಳಿಯಲ್ಲಿ ಕಬ್ಬಿನ ತರಗೂ ಕೊಳಕುಮಂಡಲವೂ ಒಂದೇ ಬೂದು. 4000ದಿಂದ 5000ದೊಳಗೆ, ಸಿಆರ್‌ಐ, ಅಂದರೆ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ, 80ಕ್ಕಿಂತ ಹೆಚ್ಚಿನದು ಕೇಳಿ. ಕಂದು ಕಂದಾಗಿ ಕಾಣುತ್ತದೆ. ಲೆನ್ಸು: ಇಲ್ಲದಿದ್ದರೆ ಬೆಳಕು ಹರಡಿ ಬೀಳುತ್ತದೆ, ಬದುವಿನ ಮೇಲೆ ನಡೆಯಲು ಅದೇ ಚೆನ್ನ. ದೂರಕ್ಕೆ ಬೇಕಾದರೆ 20 ಮಿಲಿಮೀಟರ್ ಪ್ಲಾಸ್ಟಿಕ್ ಲೆನ್ಸು, ಕೊಳ್ಳುವ ಮೊದಲು ತಲೆಯ ಆಳ ಅಳೆಯಿರಿ. ಲಿಥಿಯಂ: ಟ್ರಿಪಲ್ ಎ ಗಾತ್ರದ 3.7 ವೋಲ್ಟಿನ ಲಿಥಿಯಂ ಸೆಲ್ಲು ಈ ತೊಟ್ಟಿಲಿಗೆ ಹಾಕಲೇಬೇಡಿ, ಮೂರು ಸೇರಿ 11 ವೋಲ್ಟ್. 18650 ಅನ್ನುವ ದಪ್ಪ ಲಿಥಿಯಂ ಸೆಲ್ಲಿನ ಮೇಲೆ 9,800 ಮಿಲಿಆಂಪಿಯರ್ ಅವರ್ ಅಂತ ಅಚ್ಚಾಗಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ; ಒಳ್ಳೆಯದಕ್ಕೂ 3,500ರ ಸುಮಾರೇ.

ಜೂಮ್ ಟಾರ್ಚಿನ ಭಾಗ ಇವತ್ತಿಗೆ ಬಿಟ್ಟೆ. ಬಿಚ್ಚಿದ ಟಾರ್ಚು, ಮೀಟರು, ನಾಲ್ಕು 7135 ಈ ಮೇಜಿನ ಮೇಲಿವೆ, ಹುಡುಗರು ಮುಂದೆ ಬನ್ನಿ. ಫ್ಯಾನ್ ಮಾತ್ರ ಯಾರಾದರೂ ಆರಿಸಿ, ಹಾರಿಹೋದರೆ ಈ ಕಾಳುಗಳು ಯಾರ ಕಣ್ಣಿಗೂ ಬೀಳುವುದಿಲ್ಲ.