ಮೊದಲು ಸೀಟು ಬಿಚ್ಚಿಸಿ

ಕೇಳುಗರಿಗೆ ನಮಸ್ಕಾರ.

ಹಳೇ ಕಾರಿನ ಸೀಟು ರಿಪೇರಿ ಬಗ್ಗೆ ನಾಲ್ಕು ಮಾತು ಹೇಳಿ ಅಂತ ನನ್ನನ್ನು ಕರೆದಿದ್ದಾರೆ. ಕುಶನ್ ಕೆಲಸದವನಿಗೆ ಮೈಕು ಸಿಗುವುದು ಅಪರೂಪ. ಎಂಜಿನ್ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಪೇಂಟು ಹೊಡೆಸುವ ವಿಷಯಕ್ಕಂತೂ ಊರಿಗೊಬ್ಬ ಪಂಡಿತ. ಆದರೆ ಕಾರು ಹತ್ತಿದಾಗಿನಿಂದ ಇಳಿಯುವವರೆಗೆ ನಿಮ್ಮ ಮೈ ಹೊರುವುದು ಸೀಟು ಅಲ್ವಾ? ಅದನ್ನು ಕೇಳುವವರೇ ಇಲ್ಲ.

ಮನೆ ಪಕ್ಕದ ಶೆಡ್ಡಿನಲ್ಲಿ ಅಪ್ಪನ ಕಾಲದ ಅಂಬಾಸಿಡರ್ ಇಟ್ಟುಕೊಂಡವರು, ಭಾನುವಾರ ಒಮ್ಮೆ ಫಿಯಟ್ ಒರೆಸಿ ಸ್ಟಾರ್ಟ್ ಮಾಡಿ ಖುಷಿ ಪಡುವವರು, ನೀವು ಸ್ವಲ್ಪ ರೇಡಿಯೊ ಹತ್ತಿರ ಬನ್ನಿ. ಇವತ್ತಿನ ಮಾತು ನಿಮಗೇ.

ಅಂಬಾಸಿಡರ್ ಬರುತ್ತಿದ್ದದ್ದು ಪಶ್ಚಿಮ ಬಂಗಾಳದ ಉತ್ತರಪಾರಾದಿಂದ. ಅಲ್ಲಿ 2014ರಲ್ಲಿ ತಯಾರಿ ನಿಂತಿತು. ಮುಂಬೈಯ ಕುರ್ಲಾದಲ್ಲಿ ಆಗುತ್ತಿದ್ದ ಪ್ರೀಮಿಯರ್ ಪದ್ಮಿನಿ, ಅಂದರೆ ನಾವು ಫಿಯಟ್ ಅನ್ನುವ ಕಾರು, ಅದಕ್ಕಿಂತ ಎಷ್ಟೋ ಮುಂಚೆಯೇ ನಿಂತಿತ್ತು. ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್‌ಗೆ ರಸ್ತೆಯಿಂದ ಹೋದವು. ಇನ್ನು ಕಂಪನಿಯಿಂದ ಹೊಸ ಸೀಟು ಬರುತ್ತೆ ಅಂತ ಕಾಯುವ ಹಾಗಿಲ್ಲ. ನಿಮ್ಮ ಕಾರಿನಲ್ಲಿ ಇರುವುದನ್ನೇ ಸರಿ ಮಾಡಿಸಿಕೊಳ್ಳಬೇಕು.

ಅದಕ್ಕೆ ನಾನು ಹೇಳುವುದು ಒಂದೇ ಮಾತು. ಮೊದಲು ಸೀಟು ಬಿಚ್ಚಿಸಿ. ಒಳಗೆ ಏನಾಗಿದೆ ನೋಡಿ. ಕವರ್ ಮಾತು ಆಮೇಲೆ.

ನಮ್ಮ ಜನ ಏನು ಮಾಡುತ್ತಾರೆ? ಸೀಟು ಹರಿಯಿತು ಅಂದರೆ ಸೀದಾ ಅಂಗಡಿಗೆ ಹೋಗಿ ಬಣ್ಣದ ಪುಸ್ತಕ ಕೇಳುತ್ತಾರೆ. ಕಂದು ಬಣ್ಣವೋ, ಕೆನೆ ಬಣ್ಣವೋ ಅಂತ ಮನೆಮಂದಿಯೆಲ್ಲ ಚರ್ಚೆ. ಮಧ್ಯಾಹ್ನದೊಳಗೆ ಹರಿದ ಸೀಟಿನ ಮೇಲೆ ಹೊಸ ರೆಕ್ಸಿನ್ ಎಳೆದು ಕೂರಿಸಿ ಮನೆಗೆ ಹೋಗುತ್ತಾರೆ. ನೋಡುವುದಕ್ಕೆ ಚೆಂದ. ಒಂದು ಮಳೆಗಾಲ ಕಳೆಯಲಿ, ಅದೇ ಜಾಗದಲ್ಲಿ ಮತ್ತೆ ಗುಂಡಿ, ಮತ್ತೆ ಸುಕ್ಕು, ಮತ್ತೆ ಹರಕು. ರೆಕ್ಸಿನ್ ಸರಿಯಿಲ್ಲ ಅಂತ ಬೈಯುತ್ತಾರೆ. ರೆಕ್ಸಿನ್ ಏನು ಮಾಡೀತು ಸ್ವಾಮಿ, ಕೆಳಗೆ ಸ್ಪ್ರಿಂಗೇ ಮುರಿದು ಕೂತಿದ್ದರೆ?

ಸೀಟಿನ ಒಳಗೆ ಏನಿರುತ್ತೆ ಅಂತ ಕೆಳಗಿನಿಂದ ಹೇಳುತ್ತೇನೆ. ತಳದಲ್ಲಿ ಕಬ್ಬಿಣದ ಚೌಕಟ್ಟು. ಅದಕ್ಕೆ ಸಿಕ್ಕಿಸಿದ ಸ್ಪ್ರಿಂಗು. ಕೆಲವು ಕಾರಿನಲ್ಲಿ ಅಂಕುಡೊಂಕಾಗಿ ಬಗ್ಗಿಸಿದ ದಪ್ಪ ತಂತಿ, ಕೆಲವದರಲ್ಲಿ ಸುರುಳಿ ಸ್ಪ್ರಿಂಗು. ಅದರ ಮೇಲೆ ಗೋಣಿ ತಾಟು. ಗೋಣಿ ಯಾಕೆ? ಅದಿಲ್ಲದಿದ್ದರೆ ಸ್ಪ್ರಿಂಗು ಮೇಲಿನ ಮೆತ್ತೆಯನ್ನು ಕೊಯ್ದು ಹಾಕುತ್ತೆ. ಗೋಣಿ ಮೇಲೆ ತೆಂಗಿನ ನಾರಿನ ಮೆತ್ತೆ, ಇಲ್ಲವೇ ಹತ್ತಿ, ಈಚಿನ ಕಾರಾದರೆ ಫೋಮು. ಎಲ್ಲಕ್ಕೂ ಮೇಲೆ ಕವರ್. ನಿಮ್ಮ ಕಣ್ಣಿಗೆ ಕಾಣುವುದು ಆ ಮೇಲಿನ ತೆಳು ಪದರ ಮಾತ್ರ. ಭಾರ ಹೊರುವವರೆಲ್ಲ ಕೆಳಗೆ ಇದ್ದಾರೆ.

ಇದಕ್ಕೆ ಒಂದು ಪ್ರಸಂಗ ಹೇಳಲೇಬೇಕು. ನನ್ನ ಅಂಗಡಿಗೆ ಬರುವವರೆಲ್ಲ ಇದನ್ನು ಕೇಳಿದ್ದಾರೆ, ನೀವೂ ಕೇಳಿ.

ಹಾಸನದ ನಮ್ಮ ಅಂಗಡಿಗೆ ಸಕಲೇಶಪುರ ಕಡೆಯ ಕಾಫಿ ತೋಟದ ಯಜಮಾನರೊಬ್ಬರು ಪದ್ಮಿನಿ ತಂದರು. ಮುಂದೆ ಉದ್ದನೆಯ ಒಂದೇ ಸೀಟು, ಸ್ಟೀರಿಂಗ್ ಪಕ್ಕದಲ್ಲಿ ಗೇರು, ಆ ಮಾಡೆಲ್ಲು. ಬಂದವರೇ, "ಏನ್ರೀ, ಈ ಕಾರಿನ ಸ್ಟೀರಿಂಗ್ ವರ್ಷ ವರ್ಷಕ್ಕೂ ಮೇಲಕ್ಕೆ ಬರ್ತಾ ಇದೆ" ಅಂದರು. ನಾನು ನಗಲಿಲ್ಲ. ದೊಡ್ಡವರು.

ಅವರು ಆಗಲೇ ಎಲ್ಲ ಮಾಡಿಸಿದ್ದರು. ಮೆಕ್ಯಾನಿಕ್ ಸ್ಟೀರಿಂಗ್ ಕಾಲಂ ಬಿಚ್ಚಿ ನೋಡಿದ್ದಾಗಿತ್ತು. ಹೊಂಡ ಬಂದರೆ ಸೊಂಟಕ್ಕೆ ಏಟು ಬೀಳುತ್ತೆ ಅಂತ ಶಾಕ್ ಅಬ್ಸಾರ್ಬರ್ ನಾಲ್ಕೂ ಬದಲಾಯಿಸಿದ್ದಾಗಿತ್ತು. ಡಾಕ್ಟರು ಸೊಂಟಕ್ಕೆ ಬೆಲ್ಟು ಕೊಟ್ಟಿದ್ದಾಗಿತ್ತು. ಮಗಳು ಬೆಂಗಳೂರಿನಿಂದ ಒಂದು ದಿಂಬು ತಂದಿದ್ದಳು, ಅದರ ಮೇಲೆ ಇವರು ಇನ್ನೊಂದು ದಿಂಬು ಇಟ್ಟುಕೊಂಡಿದ್ದರು. ಇಷ್ಟು ಜನ ನೋಡಿದ್ದಾರೆ. ಸೀಟಿನ ಅಡಿಗೆ ಕೈ ಹಾಕಿ ನೋಡಿದವರು ಒಬ್ಬರೂ ಇಲ್ಲ!

ನಾನು ಮೊದಲು ಎಡಗಡೆ ಕೂತೆ. ಬಾನೆಟ್ಟು ಪೂರ್ತಿ ಕಾಣುತ್ತಿತ್ತು. ಬಲಗಡೆ, ದಿಂಬು ತೆಗೆದು ಕೂತೆ. ಸ್ಟೀರಿಂಗ್ ಚಕ್ರದ ಸಂದಿಯಲ್ಲಿ ರಸ್ತೆ ಹುಡುಕಬೇಕು.

"ಯಜಮಾನ್ರೇ, ಸೀಟು ಬಿಚ್ಚಬೇಕು" ಅಂದೆ.

"ಸೀಟು ಚೆನ್ನಾಗೇ ಇದೆಯಲ್ರೀ. ಹೋದ ದೀಪಾವಳೀಲಿ ಹೊಸ ಕವರ್ ಹಾಕ್ಸಿದೀನಿ."

ನೋಡಿ, ಇದೇ ನಾನು ಹೇಳುವುದು.

ಸೀಟನ್ನು ಕಾರಿನ ತಳಕ್ಕೆ ಹಿಡಿದಿಡುವ ಚಾನಲ್ಲಿನ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು ರಾತ್ರಿ ನೆನೆಯಬೇಕು, ಕಾರು ಬಿಟ್ಟು ಹೋಗಿ ಅಂದೆ. ಊರಿಗೆ ಹೋಗೋದು ಹೇಗೆ ಅಂದರು. ಬಸ್ಸಿದೆಯಲ್ಲ ಅಂದೆ. "ಬಸ್ಸಿನ ಸೀಟು ನನಗೆ ಆಗಲ್ಲ" ಅಂದರು. ಆಗ ಮಾತ್ರ ನನಗೆ ನಗು ತಡೆಯಲಿಲ್ಲ. ಕೊನೆಗೆ ಅವರ ಮನೆಯವರೇ "ಸುಮ್ನೆ ಬನ್ನಿ, ನಾನಿಲ್ವಾ" ಅಂತ ಕರೆದುಕೊಂಡು ಹೋದರು.

ಮರುದಿನ ಇಬ್ಬರೂ ಬಂದರು. ಅವರ ಎದುರಿಗೇ ಬಿಚ್ಚಿದೆ. ಮೇಲೆ ಟರ್ಕಿ ಟವೆಲ್ಲಿನ ಕವರ್. ಅದನ್ನು ತೆಗೆದರೆ ಮೆರೂನ್ ವೆಲ್ವೆಟ್ಟು. ವೆಲ್ವೆಟ್ ಕೆಳಗೆ ಕಪ್ಪು ರೆಕ್ಸಿನ್. ಅದರ ಕೆಳಗೆ ಯಾರೋ ತುರುಕಿದ ಫೋಮಿನ ಚೂರುಗಳು. ಅದರ ಕೆಳಗೆ, ಪುಡಿಪುಡಿಯಾಗಿ, ಕಂಪನಿಯ ಮೂಲ ಕವರ್. ಒಬ್ಬೊಬ್ಬ ಅಂಗಡಿಯವನೂ ಹಿಂದಿನವನ ಕೆಲಸದ ಮೇಲೆ ತನ್ನದೊಂದು ಎಳೆದು ಕಳಿಸಿದ್ದ. ಯಾರೂ ತಳ ಮುಟ್ಟಿರಲಿಲ್ಲ. ಮೂಲ ಕವರ್ ಕೆಳಗೆ ನಾರು ಅಂತ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ತೋಟದ ಮನೆ ಶೆಡ್ಡು ಅಂದರೆ ಇಲಿ ಇದ್ದೇ ಇರುತ್ತೆ. ಗೋಣಿ ತಾಟು ಮಲೆನಾಡಿನ ಥಂಡಿಗೆ ಕೊಳೆತಿತ್ತು. ಎಲ್ಲ ಗುಡಿಸಿ ತೆಗೆದಾಗ ನಿಜವಾದ ಕಾಯಿಲೆ ಸಿಕ್ಕಿತು. ಡ್ರೈವರ್ ಕೂರುವ ಕಡೆ ಒಂದು ಸ್ಪ್ರಿಂಗಿನ ತುದಿ ಕ್ಲಿಪ್ಪಿನಿಂದ ಕಳಚಿಕೊಂಡಿತ್ತು. ಅದರ ಭಾರ ಪಕ್ಕದ್ದರ ಮೇಲೆ ಬಿದ್ದು ಅದೂ ಜಗ್ಗಿ ಮುರಿದಿತ್ತು. ಅಷ್ಟೇ. ಶಾಕ್ ಅಬ್ಸಾರ್ಬರ್, ಸೊಂಟದ ಬೆಲ್ಟು, ದಿಂಬು, ವೆಲ್ವೆಟ್ಟು, ಎಲ್ಲ ಒಂದು ಕ್ಲಿಪ್ಪಿನ ದೆಸೆಯಿಂದ!

ಚೌಕಟ್ಟಿಗೆ ತಂತಿ ಬ್ರಷ್ಷು ಹಾಕಿ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮುರಿದ ಸ್ಪ್ರಿಂಗು ಬದಲಾಯಿಸಿದೆವು. ಇನ್ನು ಬಣ್ಣದ ಮಾತು ಬಂತು. ಯಜಮಾನರು ವೆಲ್ವೆಟ್ಟೇ ಬೇಕು ಅಂದರು. ನಾನು ಒಪ್ಪಲಿಲ್ಲ. ಹಳೇ ಕಾರಿಗೆ ಅದರ ಮೂಲ ಬಣ್ಣವೇ ಲಕ್ಷಣ. ಬೂದು ಬಣ್ಣ ಇತ್ತು ಅಂತ ಅವರು. ಕೆಂಪಿತ್ತು ಅಂತ ಅವರ ಮನೆಯವರು. ಜಗಳವೇ ಆಯಿತು. ನಾನು ಮೂಲ ಕವರಿನ ಅಂಚು ತಿರುಗಿಸಿ ತೋರಿಸಿದೆ. ಚೌಕಟ್ಟಿನ ಅಡಿಗೆ ಮಡಚಿ ಸಿಕ್ಕಿಸಿದ ಜಾಗಕ್ಕೆ ಬಿಸಿಲು ತಾಗಿರುವುದಿಲ್ಲ, ಬೆವರು ತಾಗಿರುವುದಿಲ್ಲ. ಕಾರ್ಖಾನೆ ಬಿಟ್ಟಾಗ ಇದ್ದ ಬಣ್ಣ ಅಲ್ಲಿ ಹಾಗೇ ಉಳಿದಿರುತ್ತೆ. ಇಟ್ಟಿಗೆ ಕೆಂಪು! "ಇಷ್ಟು ವರ್ಷ ಪಕ್ಕದಲ್ಲಿ ಕೂತು ಸೀಟು ನೋಡ್ದೋಳು ನಾನು, ಇವ್ರು ನೋಡಿದ್ದು ಬರೀ ರಸ್ತೆ" ಅಂದರು ಅಮ್ಮ. ಯಜಮಾನರು ಮತ್ತೆ ಮಾತಾಡಲಿಲ್ಲ.

ಕೆಲಸ ಮುಗಿದ ಮೇಲೆ ಬಂದು ಕೂತರು. ಹಿಂದೆ ನೋಡಿದರು, ಮುಂದೆ ನೋಡಿದರು. "ಸ್ಟೀರಿಂಗ್ ಕೆಳಗೆ ಇಳಿಸಿಬಿಟ್ಟಿದೀರಲ್ರೀ" ಅಂದರು.

ಕಥೆ ಉದ್ದವಾಯಿತು. ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. ಆದರೆ ಒಂದು ಮಾತ್ರ ಮತ್ತೆ ಹೇಳುತ್ತೇನೆ, ಬೇಜಾರಾದರೂ ಪರವಾಗಿಲ್ಲ. ಸೀಟು ಬಿಚ್ಚಿಸಿ. ನೀವು ಎದುರಿಗೇ ನಿಂತು ಬಿಚ್ಚಿಸಿ. ಬಿಚ್ಚುವುದಕ್ಕೆ ಮುಂಚೆ ಫೋನಿನಲ್ಲಿ ಎಲ್ಲ ಕಡೆಯಿಂದ ಫೋಟೊ ಹೊಡೆದುಕೊಳ್ಳಿ.

ಹಳೇ ಕವರನ್ನು ಕತ್ತರಿಯಿಂದ ಹರಿಯಲು ಬಿಡಬೇಡಿ. ಅದನ್ನು ಕಟ್ಟಿರುವ ತಂತಿ ರಿಂಗುಗಳನ್ನು ಇಕ್ಕಳದಿಂದ ಕತ್ತರಿಸಿ, ಹೊಲಿಗೆಯನ್ನು ಬ್ಲೇಡಿನಿಂದ ಬಿಡಿಸಿ, ಒಂದೊಂದು ತುಂಡಿನ ಮೇಲೂ ಎಡ, ಬಲ, ಮುಂದೆ, ಹಿಂದೆ ಅಂತ ಬರೆಸಿ. ಹೊಸ ಕವರಿಗೆ ಅದೇ ಅಳತೆ. ಪುಡಿಯಾಗಿದ್ದರೂ ಸರಿ, ರಟ್ಟಿನ ಮೇಲೆ ಹರಡಿ ಗೆರೆ ಎಳೆಯಬಹುದು. ಕಣ್ಣಳತೆಯಲ್ಲಿ ಕತ್ತರಿಸುತ್ತೇನೆ ಅನ್ನುವ ಟೈಲರ್ ಸಿಕ್ಕರೆ ಕಾರು ವಾಪಸ್ ತನ್ನಿ.

ಫೋಮು ಸುಮ್ನೆ ಮೆತ್ತಗಿದ್ದರೆ ಸಾಲದು. ಅಂಗಡಿಯಲ್ಲಿ ಒತ್ತಿ ನೋಡಿ ಹಾಯಾಗಿದೆ ಅಂತ ತಂದದ್ದು ಆರು ತಿಂಗಳಲ್ಲಿ ಚಪ್ಪಟೆ. ಕೂರುವ ಭಾಗಕ್ಕೆ 40 ಡೆನ್ಸಿಟಿ ಕೇಳಿ, ಡೆನ್ಸಿಟಿ ಅಂದರೆ ಫೋಮು ಎಷ್ಟು ಒತ್ತಾಗಿದೆ ಅನ್ನುವ ಲೆಕ್ಕ. ಬೆನ್ನಿಗೆ ಸ್ವಲ್ಪ ಕಡಿಮೆಯದು ನಡೆಯುತ್ತೆ. ಗೋಣಿ ತಾಟು ಹೊಸದು ಹಾಕಿಸಿ. ಅದಕ್ಕೆ ಎಷ್ಟು ಮಹಾ ಖರ್ಚಾಗುತ್ತೆ?

ಹೊಲಿಗೆ ಒತ್ತಾಗಿದ್ದರೆ ಗಟ್ಟಿ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಬಟ್ಟೆಗೆ ಸರಿ, ರೆಕ್ಸಿನ್‌ಗೆ ಅಲ್ಲ. ಸೂಜಿ ಮಾಡಿದ ತೂತು ಹತ್ತಿರ ಹತ್ತಿರ ಆದರೆ ಅಂಚೆ ಚೀಟಿ ಹರಿದ ಹಾಗೆ ಸಾಲಾಗಿ ಹರಿಯುತ್ತೆ. ಇಂಚಿಗೆ ಆರೇಳು ಹೊಲಿಗೆ ಸಾಕು. ದಾರ ನೈಲಾನಿನದೋ ಪಾಲಿಯೆಸ್ಟರಿನದೋ ಇರಲಿ. ಹತ್ತಿ ದಾರ ಬೆವರಿಗೆ, ಥಂಡಿಗೆ ಕೊಳೆಯುತ್ತೆ.

ರೆಕ್ಸಿನ್ನನ್ನು ಎಳೆದು ಕೂರಿಸುವ ಮುಂಚೆ ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಬೇಕು. ಬೆಚ್ಚಗಾದರೆ ಮೆತ್ತಗಾಗಿ ಚೆನ್ನಾಗಿ ಎಳೆಯುತ್ತೆ, ತಣ್ಣಗಾದ ಮೇಲೆ ಸುಕ್ಕಿಲ್ಲದೆ ಕೂರುತ್ತೆ. ಆದರೆ ಅದೇ ಬಿಸಿಲು ವರ್ಷಗಟ್ಟಲೆ ಬಿದ್ದರೆ ಅದರಲ್ಲಿರುವ ಮೆತ್ತಗೆ ಮಾಡುವ ಅಂಶ ಹೋಗಿ ಬಿರುಕು ಬಿಡುತ್ತೆ. ನೆರಳಲ್ಲಿ ನಿಲ್ಲಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿ. ಸೀಮೆಎಣ್ಣೆ, ಥಿನ್ನರ್ ದಯವಿಟ್ಟು ಬೇಡ.

ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರು ಯಾರಾದರೂ ಕೇಳುತ್ತಿದ್ದರೆ, ನಿಮಗೆ ಒಂದು ಬೇರೆ ಮಾತು. ಹಳೇ ಬೀಟಲ್‌ನಲ್ಲಿ ಬ್ಯಾಟರಿ ಇರುವುದು ಹಿಂದಿನ ಸೀಟಿನ ಅಡಿಯಲ್ಲಿ. ಸೀಟು ಜಗ್ಗಿ, ಭಾರದ ಆಸಾಮಿ ಕೂತರೆ ಸ್ಪ್ರಿಂಗು ಬ್ಯಾಟರಿಯ ತುದಿಗಳಿಗೆ ತಾಗಿ ಕಿಡಿ ಹಾರುತ್ತೆ. ಮೇಲಿರುವುದು ಒಣ ನಾರು. ಕಾರೇ ಸುಟ್ಟುಹೋದದ್ದುಂಟು. ಬ್ಯಾಟರಿ ಮೇಲೆ ಮುಚ್ಚಳ ಇದೆಯಾ ನೋಡಿ. ನೋಡುವುದು ಹೇಗೆ? ಸೀಟು ಎತ್ತಿ!

ಕಾರಿಗೆ 50 ವರ್ಷ ದಾಟಿದ್ದರೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು. ಕಾರು ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್ ಬದಲಾಗಿರಬಾರದು ಅನ್ನುತ್ತೆ ಆ ನಿಯಮ. ಸೀಟಿನ ಹೆಸರಿಲ್ಲ. ನನ್ನನ್ನು ಕೇಳಿದ್ದರೆ ಸೇರಿಸಿ ಅನ್ನುತ್ತಿದ್ದೆ. ಧರ್ಮಸ್ಥಳದ ಹಳೇ ಕಾರುಗಳ ಸಂಗ್ರಹ ನೋಡಲು ಹೋದರೆ ಬಾನೆಟ್ಟಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಬರಬೇಡಿ. ಕಿಟಕಿಯಿಂದ ಸೀಟು ನೋಡಿ, ಅಂಚಿನ ಹೊಲಿಗೆಗುಂಟ ಕೊಡುವ ದುಂಡನೆಯ ಪಟ್ಟಿ, ಅದೇ ಪೈಪಿಂಗ್, ಹೇಗೆ ಓಡಿದೆ ನೋಡಿ.

ಚರ್ಮದ ಸೀಟಿನ ಬಗ್ಗೆ ಹೇಳಲು ಸಮಯ ಉಳಿಯಲಿಲ್ಲ. ಅಂಬಾಸಿಡರ್‌ಗೆ, ಪದ್ಮಿನಿಗೆ ಒಳ್ಳೇ ರೆಕ್ಸಿನ್ ಸಾಕು, ಚರ್ಮಕ್ಕೆ ಇಡುವ ದುಡ್ಡನ್ನು ಸ್ಪ್ರಿಂಗಿಗೆ ಇಡಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಸಾಮಾನು ಸಿಗುತ್ತೆ. ಬೇರೆ ಊರಿನಲ್ಲೂ ಲಾರಿ ಸೀಟು ಮಾಡುವ ಹಳೇ ಕೈಗಳನ್ನು ಹುಡುಕಿ, ಸ್ಪ್ರಿಂಗು ಕಟ್ಟುವುದು ಅವರಿಗೆ ಗೊತ್ತು. ಕೆಲಸ ಮುಗಿದ ಮೇಲೆ ಬಿಚ್ಚಿದ ಹಳೇ ಕವರ್ ತುಂಡುಗಳನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಕೇಳಿ ಇಸ್ಕೊಂಡು ಒಂದು ಚೀಲಕ್ಕೆ ಹಾಕಿ, ಇಲಿಗೆ ಸಿಗದ ಹಾಗೆ ಮನೆಯ ಅಟ್ಟದ ಮೇಲೆ ಇಡಿ. ಮುಂದಿನ ಸಲ ಮಾಡುವವನು ಅದನ್ನೇ ಕೇಳುತ್ತಾನೆ.

ನಮಸ್ಕಾರ.