ಕಲ್ಲಿನ ದ್ವೀಪದಲ್ಲೊಂದು ಮರದ ಊರು

ಕೇಳುಗರಿಗೆಲ್ಲ ನಮಸ್ಕಾರ.

ಸಿನಿಮಾ ಸೆಟ್ಟಿಗೆ ಆಯುಸ್ಸು ಕಡಿಮೆ. ಕುಂಬಳಕಾಯಿ ಒಡೆದ ಮಾರನೆಯ ದಿನವೇ ಗೋಡೆ, ಗೋಪುರ, ಅರಮನೆಯ ಕಂಬ ಎಲ್ಲವೂ ಕಳಚಿಕೊಂಡು ಲಾರಿ ಹತ್ತುತ್ತವೆ. ಜಾಗ ಬಾಡಿಗೆಯದು, ದಿನ ಹೆಚ್ಚಾದಷ್ಟೂ ಖರ್ಚು. ಕ್ಯಾಮೆರಾ ಕಣ್ಣಿಗೆ ಬೀಳುವಷ್ಟನ್ನೇ ಕಟ್ಟಿರುತ್ತಾರೆ, ಬಾಗಿಲು ತೆಗೆದರೆ ಆಚೆ ಬಯಲು. ಹೀಗಿರುವಾಗ ಒಂದೇ ಒಂದು ಸಿನಿಮಾಕ್ಕಾಗಿ 1979ರಲ್ಲಿ ಕಟ್ಟಲು ಶುರುಮಾಡಿದ ಇಡೀ ಊರೊಂದು ಇವತ್ತಿಗೂ ನಿಂತಿದೆ. ಅದೂ ಸಮುದ್ರದ ದಂಡೆಯಲ್ಲಿ, ಅದೂ ಮರದಲ್ಲಿ ಕಟ್ಟಿದ್ದು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿರುವ ಆ ಊರಿಗೆ ಪಾಪಾಯ್ ವಿಲೇಜ್ ಅಂತ ಹೆಸರು. ನೋಡಿ ಬಂದ ಮೇಲೆ ‘ಶೋಲೆ’ ತೆಗೆದ ನಮ್ಮ ರಾಮನಗರವೂ ‘ಮಾಲ್ಗುಡಿ ಡೇಸ್’ನ ರೈಲು ನಿಲ್ದಾಣವಾದ ಅರಸಾಳೂ ನನ್ನ ತಲೆಯಲ್ಲೇ ಸುತ್ತುತ್ತಿವೆ. ಆ ಮಾತನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಪಾಲಕ್ ಸೊಪ್ಪಿನ ಡಬ್ಬಿ ತೆರೆದು ಬಾಯಿಗೆ ಸುರಿದುಕೊಂಡು ತೋಳು ಉಬ್ಬಿಸುವ ನಾವಿಕ ಪಾಪಾಯ್‌ನನ್ನು ಕಾರ್ಟೂನಿನಲ್ಲಿ ನೋಡಿಯೇ ಇರುತ್ತೀರಿ. 1929ರಲ್ಲಿ ಅಮೆರಿಕದ ಪತ್ರಿಕೆಯ ಚಿತ್ರಕಥೆಯೊಂದರಲ್ಲಿ ಹುಟ್ಟಿದವನು ಅವನು. ಐವತ್ತು ವರ್ಷದ ಮೇಲೆ ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ ಅವನನ್ನು ಸಿನಿಮಾಕ್ಕೆ ತಂದರು. ನಾಯಕ ರಾಬಿನ್ ವಿಲಿಯಮ್ಸ್, ಆಗಿನ್ನೂ ಟಿವಿಯಿಂದ ಸಿನಿಮಾಕ್ಕೆ ಬರುತ್ತಿದ್ದ ಹುಡುಗ. ಕಥೆ ನಡೆಯಬೇಕಾದದ್ದು ಸ್ವೀಟ್‌ಹೇವನ್ ಎಂಬ ಬಂದರಿನ ಊರಲ್ಲಿ. ಆ ಊರನ್ನು ಮಾಲ್ಟಾದ ವಾಯವ್ಯ ದಂಡೆಯ ಆಂಕರ್ ಬೇ ಎಂಬ ಪುಟ್ಟ ಕೊಲ್ಲಿಯಲ್ಲಿ ಕಟ್ಟಲು ಹೊರಟರು.

ಇಲ್ಲೇ ಇರುವುದು ಸೋಜಿಗ. ಮಾಲ್ಟಾದಲ್ಲಿ ಹೇಳಿಕೊಳ್ಳುವಂಥ ಕಾಡಿಲ್ಲ, ಹರಿಯುವ ನದಿಯಿಲ್ಲ. ಎತ್ತ ನೋಡಿದರೂ ಸುಣ್ಣಕಲ್ಲು. ಮನೆ, ಚರ್ಚು, ಕೋಟೆ, ಹೊಲದ ಬೇಲಿ ಕೂಡ ಅದೇ ಜೇನುಬಣ್ಣದ ಕಲ್ಲು. ಅಂಥ ನಾಡಿಗೆ ಹಡಗಿನಲ್ಲಿ ಮರ ಬಂತು. ದಿಮ್ಮಿಗಳು ಹಾಲೆಂಡಿನಿಂದ, ಚಾವಣಿಗೆ ಹೊದಿಸುವ ತೆಳು ಹಲಗೆಗಳು ಕೆನಡಾದಿಂದ. 165 ಮಂದಿ ಏಳು ತಿಂಗಳು ದುಡಿದರು. 8 ಟನ್ ಮೊಳೆ ಹೊಡೆದರು, 2,000 ಗ್ಯಾಲನ್ ಬಣ್ಣ ಬಳಿದರು. 19 ಕಟ್ಟಡಗಳು ಎದ್ದವು. ಅಲೆ ಬಂದು ಎಲ್ಲವನ್ನೂ ಎಳೆದುಕೊಂಡು ಹೋಗದಿರಲೆಂದು ಕೊಲ್ಲಿಯ ಬಾಯಿಗೆ ಇನ್ನೂರು ಅಡಿಗೂ ಕಡಿಮೆಯಿಲ್ಲದ ತಡೆಗೋಡೆಯನ್ನೂ ಹಾಕಿದರು. 1980ರ ಜನವರಿಯಿಂದ ಜೂನ್‌ವರೆಗೆ ಚಿತ್ರೀಕರಣ. ಆಮೇಲೆ ಬಂದವರೆಲ್ಲ ಹೊರಟುಹೋದರು, ಊರು ಅಲ್ಲೇ ಉಳಿಯಿತು.

ಮೆಲ್ಲೀಹ ಎಂಬ ಪೇಟೆಯಿಂದ ಬಸ್ಸು ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಕೊಲ್ಲಿಯ ತಲೆಗೆ ಬಂದಿರುತ್ತೀರಿ. ಮೊದಲು ಎದುರುಗಡೆಯ ಬಂಡೆಯ ಮೇಲೆ ನಿಂತು ನೋಡಬೇಕು. ಅದಕ್ಕೆ ಟಿಕೆಟ್ ಬೇಡ. ಕೆಳಗೆ ತಳ ಕಾಣುವಷ್ಟು ತಿಳಿಯಾದ ನೀಲಿ ನೀರು, ಆಚೆ ಬದಿ ಬಂಡೆಗೆ ಒರಗಿಕೊಂಡ ಕೆಂಪು, ಹಳದಿ, ಹಸಿರು ಮನೆಗಳು. ಒಂದೂ ನೆಟ್ಟಗಿಲ್ಲ. ಮಾಡು ಒಂದು ಕಡೆ ವಾಲಿದರೆ ಚಿಮಣಿ ಇನ್ನೊಂದು ಕಡೆ ವಾಲಿದೆ, ಕಿಟಕಿಗಳೂ ಸೊಟ್ಟ. ಕಾರ್ಟೂನಿನ ಗೆರೆ ಹೇಗಿತ್ತೋ ಬಡಗಿಗಳು ಹಾಗೆಯೇ ಕಟ್ಟಿದ್ದಾರೆ. ಬೇಕೆಂದೇ ಸೊಟ್ಟಗೆ ಕಟ್ಟಿ, ಅದು ಬೀಳದ ಹಾಗೆ ನೋಡಿಕೊಳ್ಳುವುದಕ್ಕೆ ಎಂಥ ಕಸಬು ಬೇಕು ಎನ್ನುವುದು ಮರಗೆಲಸ ಬಲ್ಲವರಿಗೆ ಗೊತ್ತು.

ಟಿಕೆಟ್ ಪಡೆದು ಒಳಗಿಳಿದರೆ ಶಾಲೆಯಿದೆ, ಅಂಚೆ ಕಚೇರಿಯಿದೆ, ಬೇಕರಿಯಿದೆ. ಪಾಪಾಯ್ ಮತ್ತು ಅವನ ನಲ್ಲೆ ಆಲಿವ್ ಆಯಿಲ್ ವೇಷದವರು ಓಡಾಡುತ್ತಿರುತ್ತಾರೆ. ಬಂದವರನ್ನೇ ನಟರನ್ನಾಗಿ ಮಾಡಿ ಪುಟ್ಟ ಸಿನಿಮಾ ತೆಗೆಯುತ್ತಾರೆ, ಮಕ್ಕಳಿಗೆ ಅದೇ ಹಬ್ಬ. ಬೇಸಿಗೆಯಲ್ಲಿ ಈಜು, ದೋಣಿ, ಬಿಸಿಲು ಕಾಯುವ ಮಂಚಗಳು ಎಲ್ಲ ಉಂಟು. ಆ ಗದ್ದಲ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೆ ಊರಿನ ದುರಸ್ತಿಗೆ ದುಡ್ಡು ಹುಟ್ಟಬೇಕಲ್ಲ, ಆ ಗದ್ದಲವೇ ಅದನ್ನು ತರುತ್ತದೆ. ನನಗೆ ಮನಸ್ಸು ತುಂಬಿದ್ದು ಅಲ್ಲಿನ ಚಿಕ್ಕ ಚಿತ್ರಮಂದಿರದಲ್ಲಿ. ಊರನ್ನು ಕಟ್ಟಿದ ಬಗೆಯನ್ನೇ ತೋರಿಸುವ ಕಿರುಚಿತ್ರ ಅಲ್ಲಿ ನಡೆಯುತ್ತಿರುತ್ತದೆ.

ಹೊರಗೆ ಬಂದು ಒಂದು ಮನೆಯ ಗೋಡೆಗೆ ಕೈಯಿಟ್ಟು ನೋಡಿದೆ. ಸಮುದ್ರದ ಕಡೆಗಿನ ಹಲಗೆ ಉಪ್ಪುಗಾಳಿಗೆ ಬೂದುಬಣ್ಣಕ್ಕೆ ತಿರುಗಿ, ಎಳೆಯೆಳೆಯಾಗಿ ಬಿರಿದಿದೆ. ಪ್ರತಿ ಮೊಳೆಯ ತಲೆಯಿಂದಲೂ ತುಕ್ಕಿನ ಕಂದು ಗೆರೆಯೊಂದು ಕೆಳಗೆ ಇಳಿದಿದೆ. ಅದರ ಪಕ್ಕದ ಹಲಗೆ ಹೊಚ್ಚಹೊಸದು, ಮರದ ವಾಸನೆ ಇನ್ನೂ ಹೋಗಿಲ್ಲ. ಎರಡು ಮನೆ ಆಚೆ ಒಬ್ಬ ಏಣಿ ಹತ್ತಿ, ಮಾಡಿನ ಹಳೆಯ ತುಂಡುಗಳನ್ನು ಕಿತ್ತು ಹೊಸದನ್ನು ಕೂರಿಸುತ್ತಿದ್ದ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ನಮ್ಮ ಮಲೆನಾಡಿನ ಮನೆಗಳ ಹಾಗೆ ಈ ಊರೂ ಕೈಯಾಡಿಸಿದ್ದರಿಂದಲೇ ಉಳಿದಿದೆ. ಸಿನಿಮಾ ದೊಡ್ಡದೆಂದು ಊರು ಉಳಿಯಿತು ಎನ್ನುವ ಹಾಗಿಲ್ಲ. ಆ ಸಿನಿಮಾಕ್ಕೆ ವಿಮರ್ಶಕರಿಂದ ಒಳ್ಳೆಯ ಮಾತು ಸಿಕ್ಕಿದ್ದೇ ಕಡಿಮೆ. ಏಣಿ ಹತ್ತುವವರು ಇದ್ದರು, ಹಾಗಾಗಿ ಉಳಿಯಿತು.

ಇದೇ ಮಾಲ್ಟಾ ದೇಶದ ಗೋಜೋ ದ್ವೀಪದಲ್ಲಿ ಸಮುದ್ರವೇ ಕೊರೆದ ಕಲ್ಲಿನ ಮಹಾದ್ವಾರವೊಂದಿತ್ತು. ಅಜೂರ್ ವಿಂಡೋ ಎನ್ನುತ್ತಿದ್ದರು. ಎಷ್ಟೋ ಸಿನಿಮಾ, ಧಾರಾವಾಹಿಗಳಲ್ಲಿ ಅದನ್ನು ನೋಡಿರುತ್ತೀರಿ. 2017ರ ಮಾರ್ಚ್ 8ರಂದು, ಬಿರುಗಾಳಿ ಎದ್ದಿದ್ದ ದಿನ, ಅದು ಕುಸಿದು ನೀರು ಸೇರಿತು. ನಿಸರ್ಗ ಎತ್ತಿದ ಕಲ್ಲು ಹೋಯಿತು, ಕೆಲವೇ ತಿಂಗಳ ಚಿತ್ರೀಕರಣಕ್ಕೆಂದು ಹೊಡೆದ ಹಲಗೆ ಇದೆ. ಕಲ್ಲಿನ ದ್ವಾರವನ್ನು ಯಾರೂ ರಿಪೇರಿ ಮಾಡಲಾರರು, ಹಲಗೆಯನ್ನು ಮಾಡಬಹುದು. ಇಷ್ಟೇ ವ್ಯತ್ಯಾಸ.

ಈಗ ನಮ್ಮ ಕಡೆಗೆ ಬರೋಣ. 1973ರ ಅಕ್ಟೋಬರಿನಲ್ಲಿ ರಾಮನಗರದ ಬಂಡೆಗಳ ನಡುವೆ ‘ಶೋಲೆ’ ಚಿತ್ರೀಕರಣ ಶುರುವಾಯಿತು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಅಲ್ಲಿ ರಾಮಗಢ ಎಂಬ ಹಳ್ಳಿಯನ್ನೇ ಎಬ್ಬಿಸಿದರು. ಹೆದ್ದಾರಿಯಿಂದ ಅಲ್ಲಿಗೆ ರಸ್ತೆಯನ್ನೂ ಹಾಕಿಸಿದ್ದರು. 1975ರ ಆಗಸ್ಟ್ 15ರಂದು ತೆರೆಗೆ ಬಂದ ಆ ಚಿತ್ರ ದೇಶವನ್ನೇ ಗೆದ್ದಿತು. ಹಳ್ಳಿ ಮಾತ್ರ ಉಳಿಯಲಿಲ್ಲ. ಇವತ್ತಿಗೂ ಬೆಟ್ಟದ ಬುಡದಲ್ಲಿ ಆ ನೀರಿನ ಟ್ಯಾಂಕ್ ಎಲ್ಲಿತ್ತು, ಠಾಕೂರರ ಮನೆ ಎಲ್ಲಿತ್ತು ಎಂದು ವಿಚಾರಿಸುವವರಿದ್ದಾರೆ. ಅವರ ನಿರಾಸೆ ನನಗೆ ಅರ್ಥವಾಗುತ್ತದೆ. ಅಲ್ಲಿ ಮತ್ತೆ ಸೆಟ್ ಕಟ್ಟಿದರೆ ಪ್ರವಾಸಿಗರು ಬರುತ್ತಾರೆ ಎಂಬ ಮಾತೂ ಆಗಾಗ ಏಳುತ್ತದೆ. ಅದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ರಾಮದೇವರ ಬೆಟ್ಟ ಈಗ ರಣಹದ್ದು ಧಾಮ. ಉದ್ದ ಕೊಕ್ಕಿನ ರಣಹದ್ದುಗಳಿಗೆ ಆ ಕಡಿದಾದ ಬಂಡೆಯ ಸಂದುಗಳೇ ಮನೆ. ಹೋದ ಹಳ್ಳಿಯನ್ನು ಎಬ್ಬಿಸಲು ಇರುವ ಹಕ್ಕಿಯನ್ನು ಓಡಿಸುವುದು ಬೇಡ.

ನಮ್ಮಲ್ಲಿ ಉಳಿಸಿಕೊಳ್ಳುವ ಮನಸ್ಸೇ ಇಲ್ಲ ಎಂದೂ ಹೇಳಲಾರೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಹೆಚ್ಚಾಗಿ ಆಗುಂಬೆಯಲ್ಲಿ ತೆಗೆದರು. ರೈಲು ನಿಲ್ದಾಣಕ್ಕೆ ಆರಿಸಿಕೊಂಡದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. ಮೀಟರ್‌ಗೇಜ್ ಹಳಿ ಹೋಗಿ ಬ್ರಾಡ್‌ಗೇಜ್ ಬಂತು, ಹಳೆಯ ನಿಲ್ದಾಣದ ಕಟ್ಟಡ ಪಾಳುಬಿತ್ತು. ಅದನ್ನು ಕೆಡವಿ ಹಾಕುವುದು ಸುಲಭವಿತ್ತು. ರೈಲ್ವೆಯವರು ಹಾಗೆ ಮಾಡದೆ ದುರಸ್ತಿ ಮಾಡಿಸಿ, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆದರು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಮೂರು ದಶಕ ದಾಟಿದ ಮೇಲೆ ಬಂದು ಈ ಕೆಲಸಕ್ಕೂ ಕೈಹಾಕಿದರು. ಹಳೆಯ ರೈಲುಬೋಗಿಯೊಂದನ್ನು ಪಕ್ಕದಲ್ಲಿ ನಿಲ್ಲಿಸಿ ಚಹಾದಂಗಡಿ ಮಾಡಿದ್ದಾರೆ. ಶಿವಮೊಗ್ಗದ ಕಡೆ ಹೋದಾಗ ಅರಸಾಳಿನಲ್ಲಿ ನಿಲ್ಲುವ ರೈಲು ಯಾವುದೆಂದು ವಿಚಾರಿಸಿಕೊಂಡು ಹತ್ತಿ, ಮಕ್ಕಳನ್ನೂ ಕರೆದೊಯ್ಯಿರಿ. ಮಾಡು, ಕಿಟಕಿ, ಬಣ್ಣ ಹೇಗಿವೆ ಎಂದು ಸ್ವಲ್ಪ ನಿಂತು ನೋಡಿ. ಎಲ್ಲಾದರೂ ಸೋರುತ್ತಿದ್ದರೆ ಅಲ್ಲಿನ ಸಿಬ್ಬಂದಿಗೆ ಒಂದು ಮಾತು ಹೇಳಿ ಬನ್ನಿ.

ನಮಸ್ಕಾರ.