ಮಧ್ಯಾಹ್ನದ ದೆವ್ವ: ಕ್ರೈಸ್ತರ ಆತ್ಮಿಕ ಹೋರಾಟ ನಡೆಯುವುದು ಎಲ್ಲಿ?

[ಹಿನ್ನೆಲೆ: ಮಂಗಳೂರಿನ ಕಂಕನಾಡಿ, ಬೆಳಗಿನ ಹೊತ್ತು. ನಿರೂಪಕರು ಕ್ಯಾಮೆರಾದ ಎದುರು.]

ಎಲ್ಲರಿಗೂ ನಮಸ್ಕಾರ. ಉಡುಪಿಯ ವೀಕ್ಷಕಿಯೊಬ್ಬರು ಕಳುಹಿಸಿದ ಪ್ರಶ್ನೆಯನ್ನು ಇಂದಿನ ಸಂಚಿಕೆಗೆ ಎತ್ತಿಕೊಂಡಿದ್ದೇನೆ. ಅವರ ಮನೆಯ ಹುಡುಗನಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಯಾರೋ ಹೆಸರು ಹಿಡಿದು ಕರೆದಂತೆ ಕೇಳಿಸುತ್ತದೆ. ಮನೆಯವರು ಅವನನ್ನು ಮನೋವೈದ್ಯರಿಗೆ ತೋರಿಸಿದ್ದಾರೆ, ವಾರಕ್ಕೊಮ್ಮೆ ಬಿಡುಗಡೆಯ ಪ್ರಾರ್ಥನೆಗೂ, ಅಂದರೆ ದುರಾತ್ಮದ ಕಾಟ ಬಿಡಿಸಲೆಂದು ಮಾಡುವ ಪ್ರಾರ್ಥನೆಗೂ, ಕರೆದೊಯ್ಯುತ್ತಿದ್ದಾರೆ. ಪ್ರಾರ್ಥನೆ ನಡೆಸುವವರು ಮಾತ್ರೆ ನಿಲ್ಲಿಸಲು ಹೇಳಿದ್ದಾರಂತೆ. "ಸೈತಾನನಿದ್ದಾನೆ ಎಂದು ನಂಬುವ ಕ್ರೈಸ್ತರು ನಾವು. ಹಾಗಿರುವಾಗ ಯಾರ ಮಾತು ಕೇಳಬೇಕು?" ಎಂಬುದು ಆ ತಾಯಿಯ ಪ್ರಶ್ನೆ.

ಅಮ್ಮಾ, ಉತ್ತರದ ಒಂದು ಭಾಗವನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಅದು ಸಂಚಿಕೆಯ ಕೊನೆಯವರೆಗೆ ಕಾಯುವ ವಿಷಯವಲ್ಲ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಹೀಗೆ ಹೇಳಲು ನಾನು ವಿಶ್ವಾಸವನ್ನು ಬದಿಗಿಡಬೇಕಾಗಿಲ್ಲ. ನಾನೂ ಕ್ರೈಸ್ತ ವಿಶ್ವಾಸಿಯೇ. ದೆವ್ವ ಬಿಡಿಸುವ ಗುರುವು ಔಷಧದ ವಿಷಯಕ್ಕೆ ಕೈಹಾಕಬಾರದೆಂದು ಕೆಥೋಲಿಕ ಧರ್ಮಸಭೆಯೇ 400 ವರ್ಷಗಳ ಹಿಂದೆ ಬರೆದಿಟ್ಟಿದೆ. ಆ ನಿಯಮಕ್ಕೆ ಆಮೇಲೆ ಬರುತ್ತೇನೆ.

ಮೂಲ ವಿಷಯಗಳು ಬಹುಪಾಲು ವೀಕ್ಷಕರಿಗೆ ತಿಳಿದಿರುವುದರಿಂದ ಬೇಗ ಮುಗಿಸುತ್ತೇನೆ. ಮಾರ್ಕನ ಸುವಾರ್ತೆಯಲ್ಲಿ ಯೇಸು ಮಾಡುವ ಮೊದಲ ಅದ್ಭುತವೇ ಕಪೆರ್ನೌಮಿನ ಸಭಾಮಂದಿರದಲ್ಲಿದ್ದ ಒಬ್ಬನಿಂದ ಅಶುದ್ಧಾತ್ಮವನ್ನು ಹೊರಡಿಸುವುದು. 5ನೇ ಅಧ್ಯಾಯದಲ್ಲಿ ಸುಮಾರು 2000 ಹಂದಿಗಳು ಸರೋವರಕ್ಕೆ ಧುಮುಕುವ ಪ್ರಸಂಗವಿದೆ. ಮಗುವಿನ ಜ್ಞಾನಸ್ನಾನದ ದಿನ ತಂದೆತಾಯಿ ಮತ್ತು ಜ್ಞಾನಪಿತೃಗಳು ಸೈತಾನನನ್ನು ತ್ಯಜಿಸುವುದಾಗಿ ಎಲ್ಲರ ಮುಂದೆ ಹೇಳುತ್ತಾರೆ, ಮತ್ತು ಪಾಸ್ಕದ (ಈಸ್ಟರ್) ರಾತ್ರಿ ಇಡೀ ಇಗರ್ಜಿ ಮೇಣದ ಬತ್ತಿ ಹಿಡಿದು ಆ ಮಾತನ್ನೇ ಪುನಃ ಹೇಳುತ್ತದೆ. ಸೈತಾನನನ್ನು ಕೇವಲ ಒಂದು ಸಂಕೇತವೆಂದೋ ಮಾತಿನ ಅಲಂಕಾರವೆಂದೋ ತಿಳಿಯಬಾರದು ಎಂದು ಪೋಪ್ ಫ್ರಾನ್ಸಿಸ್ 2018ರಲ್ಲಿಯೂ ಬರೆದರು. ಆದ್ದರಿಂದ ಈಗಿನ ಕಾಲದಲ್ಲೂ ಕ್ರೈಸ್ತರು ಇದನ್ನು ನಂಬುತ್ತಾರೆಯೇ ಎಂಬ ಪ್ರಶ್ನೆಗೆ ಹೌದು ಎಂಬುದೇ ಉತ್ತರ. ಆ ಶತ್ರು ಕೆಲಸ ಮಾಡುವುದು ಎಲ್ಲಿ, ಹೇಗೆ ಎಂಬ ಪ್ರಶ್ನೆ ಮಾತ್ರ ಅಷ್ಟು ಸುಲಭದ್ದಲ್ಲ.

[ದೃಶ್ಯ: ಈಜಿಪ್ಟಿನ ನಕ್ಷೆ, ನೈಲ್ ನದಿಯ ಮುಖಜಭೂಮಿಯ ಪಶ್ಚಿಮಕ್ಕಿರುವ ಮರುಭೂಮಿ.]

ಇದಕ್ಕೆ ನಾಲ್ಕನೇ ಶತಮಾನದ ಒಬ್ಬ ಸನ್ಯಾಸಿ ಕೊಟ್ಟ ಉತ್ತರ ನನಗೆ ಬಹಳ ಇಷ್ಟವಾದುದು, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅವರ ಹೆಸರು ಇವಾಗ್ರಿಯಸ್. ಕಪ್ಪು ಸಮುದ್ರದ ತೀರದ ಪೊಂಟಸ್ ಪ್ರಾಂತ್ಯದವರು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಒಳ್ಳೆಯ ವಾಗ್ಮಿಯೆಂದು ಹೆಸರು ಮಾಡಿದ್ದ ಇವರು ಅದೆಲ್ಲವನ್ನೂ ಬಿಟ್ಟು ಈಜಿಪ್ಟಿನ ಮರುಭೂಮಿಗೆ ಹೋಗಿ, 399ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿನ ಸನ್ಯಾಸಿಗಳ ನಡುವೆ ಬದುಕಿದರು. ಆ ಸನ್ಯಾಸಿಗಳು ಮರುಭೂಮಿಗೆ ಹೋದದ್ದೇ ದೆವ್ವದೊಡನೆ ಹೋರಾಡಲು. ಹಾಗಾದರೆ ಇವಾಗ್ರಿಯಸರ ಬರಹದಲ್ಲಿ ಕಿರುಚಾಟ, ನೊರೆ ಕಾರುವ ಬಾಯಿ, ಗಾಳಿಯಲ್ಲಿ ಹಾರುವ ಪಾತ್ರೆಗಳೇ ತುಂಬಿರುತ್ತವೆ ಎಂದು ನಾವು ಎಣಿಸುತ್ತೇವೆ. ಅವರು ಮುಖ್ಯವಾಗಿ ಬರೆದದ್ದು ಆಲೋಚನೆಗಳ ಬಗ್ಗೆ. ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರ, ಹೆಸರಿನ ಹಂಬಲ, ಅಹಂಕಾರ ಎಂಬ 8 ಬಗೆಯ ಆಲೋಚನೆಗಳ ಮೂಲಕ ದುರಾತ್ಮಗಳು ಮನುಷ್ಯನನ್ನು ಹಿಡಿಯುತ್ತವೆ ಎಂಬುದು ಅವರ ಅನುಭವ.

ಇವುಗಳಲ್ಲಿ ಅತ್ಯಂತ ಭಾರವಾದದ್ದು ಬೇಸರದ ದೆವ್ವ ಎನ್ನುತ್ತಾರೆ ಅವರು. 91ನೇ ಕೀರ್ತನೆಯ ಗ್ರೀಕ್ ಪಾಠವನ್ನು ಹಿಡಿದು ಅದನ್ನು ಮಧ್ಯಾಹ್ನದ ದೆವ್ವ ಎಂದು ಕರೆಯುತ್ತಾರೆ. ಅದು ಬರುವ ಗಂಟೆಯನ್ನೂ ಗುರುತು ಹಾಕಿಕೊಟ್ಟಿದ್ದಾರೆ. ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ ಸುಮಾರು 10ಕ್ಕೆ ಬರುತ್ತದೆ, ಮಧ್ಯಾಹ್ನ 2ರವರೆಗೆ ಬಿಡುವುದಿಲ್ಲ. ಮೊದಲು ಸೂರ್ಯ ನಿಂತಲ್ಲೇ ನಿಂತಿದ್ದಾನೆ, ಹಗಲಿಗೆ 50 ಗಂಟೆಗಳಿವೆ ಎನಿಸುವಂತೆ ಮಾಡುತ್ತದೆ. ಆಮೇಲೆ ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ, ಎದ್ದು ಹೊರಗೆ ಬರುತ್ತಾನೆ, ಊಟದ ಹೊತ್ತಿಗೆ ಇನ್ನೆಷ್ಟು ಸಮಯವಿದೆಯೆಂದು ಬಿಸಿಲನ್ನು ಅಳೆಯುತ್ತಾನೆ, ಯಾರಾದರೂ ಮಾತಿಗೆ ಸಿಗಬಹುದೇ ಎಂದು ಅತ್ತಿತ್ತ ಕಣ್ಣಾಡಿಸುತ್ತಾನೆ. ಅಷ್ಟಾದ ಮೇಲೆ ಇರುವ ಜಾಗದ ಮೇಲೆಯೇ ಹೇವರಿಕೆ ಹುಟ್ಟುತ್ತದೆ, ಕೈಕೆಲಸ ಬೇಡವಾಗುತ್ತದೆ, ಇಲ್ಲಿ ಯಾರಿಗೂ ನನ್ನ ಮೇಲೆ ಪ್ರೀತಿಯಿಲ್ಲ ಎನಿಸುತ್ತದೆ. ಇತ್ತೀಚೆಗೆ ಯಾರಾದರೂ ಮನಸ್ಸು ನೋಯಿಸಿದ್ದರೆ ಅದನ್ನೂ ತಪ್ಪದೆ ನೆನಪಿಗೆ ತರುತ್ತದೆ. ಕೊನೆಗೆ ಬೇರೆ ಊರಿಗೆ ಹೋದರೆ ಎಲ್ಲವೂ ಸಲೀಸಾಗುತ್ತದೆ, ದೇವರನ್ನು ಎಲ್ಲಿದ್ದರೂ ಮೆಚ್ಚಿಸಬಹುದಲ್ಲ ಎಂಬ ಮಾತನ್ನು ಬಹಳ ಧಾರ್ಮಿಕವಾದ ಧಾಟಿಯಲ್ಲಿಯೇ ಕಿವಿಯಲ್ಲಿ ಹೇಳುತ್ತದೆ.

ಇದನ್ನು ಓದಿದಾಗ ನನಗೆ ಕಾಣಿಸಿದ್ದು ನಮ್ಮ ಊರಿನ ಏಪ್ರಿಲ್ ತಿಂಗಳ ಮಧ್ಯಾಹ್ನ. ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಗಿರಾಕಿಗಳಿಲ್ಲದ ಹೊತ್ತು, ತಲೆಯ ಮೇಲೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿರುವಾಗ, ಗಲ್ಲೆಯಲ್ಲಿ ಕುಳಿತ ಯುವಕ ಫೋನನ್ನು ತೆಗೆಯುತ್ತಾನೆ, ಇಡುತ್ತಾನೆ, ಪುನಃ ತೆಗೆಯುತ್ತಾನೆ. ದುಬೈಯಲ್ಲಿರುವ ಸಹಪಾಠಿಯ ಫೋಟೋ ನೋಡುತ್ತಾನೆ. ಬೆಳಿಗ್ಗೆ ಅಣ್ಣ ಆಡಿದ ಒಂದು ಒರಟು ಮಾತು ನೆನಪಾಗುತ್ತದೆ. ಸಾವಿರದ ಆರುನೂರು ವರ್ಷಗಳ ಹಿಂದಿನ ಆ ಸನ್ಯಾಸಿಗೆ ಕಿಟಕಿಯಾಗಿದ್ದದ್ದು ಇವನಿಗೆ ಅಂಗೈಯಲ್ಲಿದೆ. ಆ ಯುವಕನ ಮೈಮೇಲೆ ಯಾರೂ ಬಂದಿಲ್ಲ. ಆದರೂ ಇವಾಗ್ರಿಯಸರ ದೃಷ್ಟಿಯಲ್ಲಿ ಇದು ಪೂರ್ಣ ಪ್ರಮಾಣದ ಆತ್ಮಿಕ ಹೋರಾಟ, ಮತ್ತು ನಮ್ಮಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿಯೇ.

ಹೊಟ್ಟೆಬಾಕತನದ ದೆವ್ವ ಉಪವಾಸದಲ್ಲಿರುವವನಿಗೆ ಮೃಷ್ಟಾನ್ನದ ಆಸೆ ತೋರಿಸುತ್ತದೆಂದು ನಾವು ಊಹಿಸುತ್ತೇವೆ. ಅದು ಅವನ ಹೊಟ್ಟೆ, ಯಕೃತ್ತು, ಮುಂದೆ ಬರಬಹುದಾದ ದೀರ್ಘ ಕಾಯಿಲೆ, ಆಗ ವೈದ್ಯರು ಸಿಗದೆ ಹೋಗುವ ಸಂಕಟ ಇವುಗಳ ಭಯ ಹುಟ್ಟಿಸುತ್ತದೆ ಎಂದು ಇವಾಗ್ರಿಯಸ್ ಬರೆಯುತ್ತಾರೆ. ಮನಸ್ಸನ್ನು ಇಷ್ಟು ಹತ್ತಿರದಿಂದ ನೋಡಿದವರು ವಿರಳ. ಪರಿಹಾರವಾಗಿ ಪ್ರತಿಯೊಂದು ಕೆಟ್ಟ ಆಲೋಚನೆಗೂ ಉತ್ತರವಾಗಿ ಹೇಳಿಕೊಳ್ಳಬಹುದಾದ ಸುಮಾರು 500 ಬೈಬಲ್ ವಾಕ್ಯಗಳನ್ನು ಅವರು 8 ಭಾಗಗಳಲ್ಲಿ ಜೋಡಿಸಿಕೊಟ್ಟರು. ಅಡವಿಯಲ್ಲಿ ಯೇಸು ಸೈತಾನನ ಮೂರು ಶೋಧನೆಗಳಿಗೂ ಧರ್ಮಶಾಸ್ತ್ರದ ವಾಕ್ಯದಿಂದಲೇ ಉತ್ತರ ಕೊಟ್ಟದ್ದು ಅವರಿಗೆ ಮಾದರಿ. ಈ 8ರ ಪಟ್ಟಿಯೇ ಮುಂದೆ ಪೋಪ್ ಮಹಾ ಗ್ರೆಗರಿಯವರ ಕೈಯಲ್ಲಿ ತಿದ್ದುಪಡಿಗೊಂಡು, ಧರ್ಮೋಪದೇಶದ ತರಗತಿಯಲ್ಲಿ ನಾವು ಬಾಯಿಪಾಠ ಮಾಡಿದ 7 ಮೂಲಪಾಪಗಳ ಪಟ್ಟಿಯಾಯಿತು.

[ದೃಶ್ಯ: ಲೈಟ್‌ಹೌಸ್ ಹಿಲ್, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ ಹೊರನೋಟ.]

ಈ ಚಿಂತನೆಯ ಧಾರೆ ಮಂಗಳೂರಿಗೂ ಬಂದಿದೆ. 1878ರ ಕೊನೆಯ ದಿನ ಇಲ್ಲಿಗೆ ಬಂದಿಳಿದ ಯೇಸುಸಭೆಯ (ಜೆಸ್ವಿಟ್) ಗುರುಗಳು 1880ರಲ್ಲಿ ಈ ಕಾಲೇಜನ್ನು ತೆರೆದರು. ಅವರ ಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನೇಷಿಯಸ್ ಮೊದಲು ಯೋಧರಾಗಿದ್ದು, 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡವರು. 1548ರಲ್ಲಿ ಅಚ್ಚಾದ ಅವರ ಧ್ಯಾನದ ಕೈಪಿಡಿಯಲ್ಲಿ ಒಳ್ಳೆಯ ಪ್ರೇರಣೆ ಯಾವುದು, ಕೆಟ್ಟ ಪ್ರೇರಣೆ ಯಾವುದು ಎಂದು ವಿವೇಚಿಸುವ ನಿಯಮಗಳಿವೆ. ಸೇನಾಪತಿಯು ಕೋಟೆಯನ್ನು ಸುತ್ತು ಹಾಕಿ ದುರ್ಬಲವಾದ ಗೋಡೆಯನ್ನು ಹುಡುಕುವಂತೆ ಶತ್ರುವು ನಮ್ಮ ದೌರ್ಬಲ್ಯವನ್ನು ಹುಡುಕುತ್ತಾನೆ ಎಂಬುದು ಅವುಗಳಲ್ಲೊಂದು. ಮನಸ್ಸು ಕತ್ತಲಾಗಿರುವಾಗ ಹಿಂದೆ ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬಾರದು ಎಂಬುದು ಮತ್ತೊಂದು. ಶತ್ರುವಿಗೆ ಬೇಕಾದದ್ದು ಗುಟ್ಟು, ಆದ್ದರಿಂದ ಒಳಗಿನ ಕಾಟವನ್ನು ತಿಳಿದವರೊಬ್ಬರ ಮುಂದೆ ಬಾಯಿಬಿಟ್ಟು ಹೇಳಿದರೆ ಅವನ ಆಟ ಮುಗಿಯುತ್ತದೆ ಎಂಬ ನಿಯಮವನ್ನು ಪ್ರಶ್ನೆ ಕೇಳಿದ ತಾಯಿ ವಿಶೇಷವಾಗಿ ಗಮನಿಸಬೇಕು. ಹುಡುಗ ತನಗೆ ಕೇಳಿಸುವ ಧ್ವನಿಯ ಬಗ್ಗೆ ವೈದ್ಯರ ಮುಂದೆ ಬಾಯಿಬಿಡುವುದು ವಿಶ್ವಾಸಕ್ಕೆ ವಿರುದ್ಧವಾದ ಕೆಲಸವೇ ಅಲ್ಲ.

ಇನ್ನು ದೆವ್ವ ಬಿಡಿಸುವ ವಿಧಿಯ ವಿಷಯ. 1614ರಲ್ಲಿ ರೋಮಿನಿಂದ ಹೊರಟ ವಿಧಿಗ್ರಂಥದಲ್ಲಿ ಈ ಕೆಲಸ ಮಾಡುವ ಗುರುವಿಗೆ ಕೊಟ್ಟ ಮುಖ್ಯ ಸೂಚನೆಯೇ, ಒಬ್ಬರಿಗೆ ದೆವ್ವ ಹಿಡಿದಿದೆಯೆಂದು ಸುಲಭವಾಗಿ ನಂಬಬೇಡ ಎಂಬುದು. ಪಿತ್ತವಿಕಾರದಿಂದಲೋ (ಮನಸ್ಸಿನ ಖಿನ್ನತೆಗೆ ಆಗಿನವರು ಹೇಳುತ್ತಿದ್ದ ಕಾರಣ) ಬೇರೆ ಕಾಯಿಲೆಯಿಂದಲೋ ನರಳುವವರನ್ನು ದೆವ್ವ ಹಿಡಿದವರಿಂದ ಬೇರ್ಪಡಿಸಿ ನೋಡಬೇಕು, ರೋಗಿಗೆ ಯಾವ ಔಷಧವನ್ನೂ ಕೊಡಬಾರದು, ಸೂಚಿಸಲೂಬಾರದು, ಆ ಕೆಲಸವನ್ನು ವೈದ್ಯರಿಗೆ ಬಿಡಬೇಕು ಎಂದೂ ಅಲ್ಲಿದೆ. ಆಗಿನ್ನೂ ಮನೋವೈದ್ಯಶಾಸ್ತ್ರವೆಂಬುದೇ ಹುಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ಈಗ ಜಾರಿಯಲ್ಲಿರುವ 1983ರ ಧರ್ಮಸಭಾ ಸಂಹಿತೆಯ 1172ನೇ ನಿಯಮದ ಪ್ರಕಾರ ಸ್ಥಳೀಯ ಬಿಷಪರ ವಿಶೇಷವಾದ, ಸ್ಪಷ್ಟವಾದ ಅನುಮತಿಯಿಲ್ಲದೆ ಯಾರೂ ಈ ವಿಧಿಯನ್ನು ನಡೆಸುವಂತಿಲ್ಲ. ಭಕ್ತಿ, ಜ್ಞಾನ, ವಿವೇಕ, ಶುದ್ಧ ಜೀವನ ಇರುವ ಗುರುವಿಗೆ ಮಾತ್ರ ಆ ಅನುಮತಿ ದೊರೆಯುತ್ತದೆ. 1998ರ ಪರಿಷ್ಕೃತ ವಿಧಿಯು ಇದನ್ನು ಪ್ರದರ್ಶನವಾಗಿಸುವುದನ್ನೂ ಮಾಧ್ಯಮದವರನ್ನು ಒಳಗೆ ಬಿಡುವುದನ್ನೂ ನಿಷೇಧಿಸಿದೆ. ವೇದಿಕೆಯ ಮೇಲೆ ಹೆಣ್ಣುಮಗಳೊಬ್ಬಳು ತಲೆಕೂದಲು ಬಿಚ್ಚಿ ನೆಲದ ಮೇಲೆ ಹೊರಳುವುದನ್ನು ನೇರ ಪ್ರಸಾರದಲ್ಲಿ ತೋರಿಸುವ ವಿಡಿಯೋಗಳನ್ನು ನೀವು ನೋಡಿದ್ದೀರಿ. ಅವಳ ಮುಖ ನಾಳೆ ಊರಿನವರ ಫೋನಿನಲ್ಲೆಲ್ಲ ಇರುತ್ತದೆ. ಇದು ನನಗೆ ಕೋಪ ತರಿಸುವ ವಿಷಯ, ಆ ಕೋಪವನ್ನು ಮುಚ್ಚಿಡಲು ನಾನು ಬಯಸುವುದಿಲ್ಲ.

ಆದರೆ ಅನುಮತಿಯಿದ್ದರೆ ಎಲ್ಲವೂ ಸರಿಯಾಗುತ್ತದೆ ಎಂದೂ ಹೇಳಲಾಗದು. ಜರ್ಮನಿಯ ಕ್ಲಿಂಗೆನ್‌ಬರ್ಗ್‌ನಲ್ಲಿ ಮೂರ್ಛೆರೋಗಕ್ಕೆ ಚಿಕಿತ್ಸೆ ಪಡೆದಿದ್ದ ಅನೆಲೀಸ್ ಮಿಶೆಲ್ ಎಂಬ ವಿದ್ಯಾರ್ಥಿನಿಯ ಮೇಲೆ, ಬಿಷಪರ ಅನುಮತಿ ಪಡೆದೇ, ಸುಮಾರು 10 ತಿಂಗಳಲ್ಲಿ 67 ಬಾರಿ ಈ ವಿಧಿಯನ್ನು ನಡೆಸಲಾಯಿತು. ಆಕೆ ಊಟ ಬಿಟ್ಟಳು, ಕೊನೆಯ ತಿಂಗಳುಗಳಲ್ಲಿ ವೈದ್ಯರ ನೆರವೂ ಇರಲಿಲ್ಲ. 1976ರ ಜುಲೈ 1ರಂದು 23ನೇ ವಯಸ್ಸಿನಲ್ಲಿ ತೀರಿಕೊಂಡಾಗ ಆಕೆಯ ತೂಕ ಸುಮಾರು 31 ಕಿಲೋ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆಂದು 1978ರಲ್ಲಿ ನ್ಯಾಯಾಲಯವು ತಂದೆತಾಯಿಯನ್ನೂ ಇಬ್ಬರು ಗುರುಗಳನ್ನೂ ತಪ್ಪಿತಸ್ಥರೆಂದು ತೀರ್ಮಾನಿಸಿತು. ಮಾತ್ರೆ ನಿಲ್ಲಿಸಿ ಎನ್ನುವ ಪ್ರತಿಯೊಬ್ಬ ಪ್ರಾರ್ಥನಾ ನಾಯಕರೂ ಈ ಪ್ರಕರಣವನ್ನು ಓದಬೇಕು. ಮನೋರೋಗವು ಬೇರೆಯೇ ವಿಷಯ, ಅದರ ಚಿಕಿತ್ಸೆ ವೈದ್ಯವಿಜ್ಞಾನಕ್ಕೆ ಸೇರಿದ್ದು ಎಂದು 1992ರ ಕೆಥೋಲಿಕ ಧರ್ಮೋಪದೇಶ ಗ್ರಂಥವೇ ತನ್ನ 1673ನೇ ಪರಿಚ್ಛೇದದಲ್ಲಿ ಹೇಳುತ್ತದೆ.

[ದೃಶ್ಯ: ಬಲ್ಮಠ.]

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಪರಂಪರೆಯ ಸಭೆಗಳಿಂದ ಹಿಡಿದು ಇತ್ತೀಚಿನ ಪೆಂತೆಕೋಸ್ತ ಪ್ರಾರ್ಥನಾಲಯಗಳವರೆಗೆ ಪ್ರೊಟೆಸ್ಟಂಟರಲ್ಲಿ ಹಲವು ನಿಲುವುಗಳಿವೆ. ಪೆಂತೆಕೋಸ್ತ ಸಭೆಗಳಲ್ಲಿ ಬಿಷಪರ ಅನುಮತಿಯ ಪ್ರಶ್ನೆಯೇ ಬರುವುದಿಲ್ಲ. ಉಪವಾಸ ಪ್ರಾರ್ಥನೆಯಲ್ಲಿ ವಿಶ್ವಾಸಿಗಳು ತಾವೇ ಯೇಸುವಿನ ನಾಮದಲ್ಲಿ ದುರಾತ್ಮವನ್ನು ಗದರಿಸುತ್ತಾರೆ. ಅಲ್ಲಿ ಕುಡಿತ ಬಿಟ್ಟವರಿದ್ದಾರೆ, ಒಡೆದ ಸಂಸಾರಗಳು ಕೂಡಿಕೊಂಡದ್ದಿದೆ, ಅದನ್ನು ನಾನು ಗೌರವಿಸುತ್ತೇನೆ. ನನಗೆ ಒಪ್ಪಿಗೆಯಿಲ್ಲದ್ದು, ಅಮೆರಿಕದ ಪೀಟರ್ ವ್ಯಾಗ್ನರ್ ಮೊದಲಾದವರು 1990ರ ದಶಕದಲ್ಲಿ ಹರಡಿದ, ಪ್ರತಿಯೊಂದು ಊರಿನ ಮೇಲೂ ಒಂದೊಂದು ದುರಾತ್ಮ ಆಳ್ವಿಕೆ ನಡೆಸುತ್ತದೆ ಎಂಬ ವಾದ. ತುಳುನಾಡಿನಲ್ಲಿ ಇದನ್ನು ಯಥಾವತ್ತಾಗಿ ಬೋಧಿಸಿದರೆ ನೆರೆಮನೆಯವರು ಕೈಮುಗಿಯುವ ದೈವದ ಕಡೆಗೆ ಬೆರಳು ತೋರಿಸಿದಂತಾಗುತ್ತದೆ. ಜನರಿಗೆ ನ್ಯಾಯ ಹೇಳುವ, ಕುಟುಂಬವನ್ನು ಕಾಯುವ ಶಕ್ತಿಯೆಂದು ತುಳುವರು ನಂಬುವ ದೈವವನ್ನು ಸುವಾರ್ತೆಯ ಅಶುದ್ಧಾತ್ಮದ ಪಟ್ಟಿಗೆ ಸೇರಿಸಲು ನಮಗೆ ಯಾವ ಆಧಾರವೂ ಇಲ್ಲ. ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯವನ್ನೇ ತೆರೆದು ನೋಡಿ. ನಮ್ಮ ಹೋರಾಟ ರಕ್ತಮಾಂಸವಿರುವ ಮನುಷ್ಯರ ಜೊತೆಗಲ್ಲ ಎಂಬುದು ಆಯುಧಗಳ ಪಟ್ಟಿಗಿಂತ ಮೊದಲೇ ಬರುತ್ತದೆ. ಪಟ್ಟಿಯಲ್ಲೂ ಸತ್ಯ, ನೀತಿ, ಶಾಂತಿ, ನಂಬಿಕೆ, ರಕ್ಷಣೆ ಇವೆಲ್ಲ ಮೈಕಾಯುವ ಸಾಧನಗಳು, ಕತ್ತಿ ಎಂದಿರುವುದು ದೇವರ ವಾಕ್ಯ ಒಂದಕ್ಕೇ.

ಕಾನೂನಿನ ವಿಷಯವನ್ನೂ ತಿಳಿದಿರಿ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ. ಮನೋರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ಅದೇ ವರ್ಷದ ಕೇಂದ್ರದ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸುತ್ತದೆ. ಸರ್ಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಅಮ್ಮಾ, ಹುಡುಗನನ್ನು ಮುಂದಿನ ತಪಾಸಣೆಗೆ ತಪ್ಪಿಸದೆ ಕರೆದುಕೊಂಡು ಹೋಗಿ, ಪ್ರಾರ್ಥನೆಗೆ ಹೋಗುವ ವಿಷಯವನ್ನೂ ವೈದ್ಯರಿಗೆ ಹೇಳಿ. ನಿಮ್ಮ ಇಗರ್ಜಿಯ ಧರ್ಮಗುರುಗಳ ಬಳಿಯೂ ಮಾತನಾಡಿ. ಸಂಜೆ ಮನೆಯಲ್ಲಿ ತೇರ್ಸ್ (ಜಪಮಾಲೆ) ಹೇಳುವಾಗ ಅವನನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ, ಅದಾದ ಮೇಲೆ ರಾತ್ರಿಯ ಮಾತ್ರೆಯನ್ನು ನೀವೇ ಕೈಯಲ್ಲಿ ಕೊಡಿ.